ಹಳೇ ಕಂಪ್ಯೂಟರ್: ರಿಪೇರಿಯೋ? ಹೊಸದೋ?



ಹೊಲಿಗೆ ಮೆಷಿನ್ನಿನ ಬೆಲ್ಟ್ ಕಿತ್ತುಹೋಯಿತು. ನಾವು ಏನು ಮಾಡುತ್ತೇವೆ? ಬೇರೆ ಬೆಲ್ಟ್ ಹಾಕಿಸುತ್ತೇವೆ. ಹೊಸ ಮೆಷಿನ್ ಕೊಳ್ಳುವುದಿಲ್ಲ. ಮಿಕ್ಸಿಯ ಬ್ಲೇಡ್ ಮೊಂಡಾಯಿತು. ಬ್ಲೇಡ್ ಬದಲಾಯಿಸುತ್ತೇವೆ. ಮಿಕ್ಸಿಯ ಮೋಟಾರೇ ಸುಟ್ಟುಹೋಯಿತು. ಆಗ ಯೋಚನೆ ಮಾಡುತ್ತೇವೆ. ರಿಪೇರಿಗೆ ಎಷ್ಟು, ಹೊಸದಕ್ಕೆ ಎಷ್ಟು ಎಂದು ವಿಚಾರಿಸುತ್ತೇವೆ.

ಕಂಪ್ಯೂಟರ್ ಮಾತು ಬಂದರೆ ಮಾತ್ರ ಸುಮ್ಮನಾಗುತ್ತೇವೆ. "ಅದೆಲ್ಲ ನಮಗೆ ತಿಳಿಯೋಲ್ಲ" ಅಂತೀವಿ. ಬೇರೆಯವರು ಹೇಳಿದ್ದಕ್ಕೆ ದುಡ್ಡು ಕೊಡುತ್ತೇವೆ. ದುಡ್ಡು ನಮ್ಮದು. ತೀರ್ಮಾನವೂ ನಮ್ಮದೇ ಆಗಬೇಕು. ಬನ್ನಿ, ತಿಳಿಯೋಣ.

ಒಂದು ಮನೆಯ ಮಾತು

ಮೈಸೂರಿನ ಅಗ್ರಹಾರದಲ್ಲಿ ಒಂದು ಮನೆ ಎಂದುಕೊಳ್ಳಿ. ತಾಯಿ ರವಿಕೆ ಹೊಲಿಯುತ್ತಾರೆ. ಮಹಿಳಾ ಸಂಘದ ಲೆಕ್ಕವನ್ನೂ ನೋಡಿಕೊಳ್ಳುತ್ತಾರೆ. ಮಗಳು ಬಿ.ಕಾಂ. ಓದುತ್ತಾಳೆ. ಮನೆಯಲ್ಲಿ 2014ರಲ್ಲಿ ಕೊಂಡ ಕಂಪ್ಯೂಟರ್ ಇದೆ. ಬೆಳಿಗ್ಗೆ ಸ್ವಿಚ್ ಒತ್ತಿ ಒಲೆಯ ಮೇಲೆ ಹಾಲಿಟ್ಟರೆ, ಹಾಲು ಕಾದರೂ ಕಂಪ್ಯೂಟರ್ ಶುರುವಾಗಿರುವುದಿಲ್ಲ.

"ಅಮ್ಮಾ, ಇದು ಆಗೋಲ್ಲ. ಹೊಸದು ತಗೊಳ್ಳೋಣ."

"ದುಡ್ಡೆಲ್ಲಿದೆ ಕಣೇ?"

"ಚೀಟಿ ದುಡ್ಡು ಬರುತ್ತಲ್ಲಮ್ಮ. ಸಾಲದೇ ಇದ್ರೆ ಸಂಘದಲ್ಲಿ ಸಾಲ ತಗೊಳ್ಳೋಣ."

"ಚೀಟಿ ದುಡ್ಡು ನಿನ್ನ ಫೀಸಿಗೆ ಅಂತ ಇಟ್ಟಿರೋದು. ಅದನ್ನ ಇದಕ್ಕೆ ಹಾಕಿದ್ರೆ ಫೀಸಿಗೆ ಏನ್ ಮಾಡೋಣ?"

ಮಗಳ ಮಾತೂ ನಿಜ. ತಾಯಿಯ ಮಾತೂ ನಿಜ. ಇಬ್ಬರೂ ಮೊದಲು ಒಂದು ವಿಷಯ ತಿಳಿಯಬೇಕು. ಕಂಪ್ಯೂಟರಿನಲ್ಲಿ ಹಳತಾಗಿರುವುದು ಯಾವ ಭಾಗ?

ಕಂಪ್ಯೂಟರಿನ ಒಳಗೆ ಏನಿದೆ?

ಕಂಪ್ಯೂಟರನ್ನು ಒಂದು ಅಡುಗೆಮನೆ ಎಂದು ತಿಳಿಯಿರಿ.

ಪ್ರೊಸೆಸರ್ ಎಂದರೆ ಅಡುಗೆ ಮಾಡುವಾಕೆ. ಎಲ್ಲ ಕೆಲಸ ಮಾಡುವವಳು ಇವಳೇ.

ರ‍್ಯಾಮ್ ಎಂದರೆ ಅಡುಗೆ ಕಟ್ಟೆ. ಈಗ ಮಾಡುವ ಕೆಲಸದ ಸಾಮಾನು ಇದರ ಮೇಲಿರುತ್ತದೆ. ಕರೆಂಟ್ ಹೋದರೆ ಕಟ್ಟೆ ಖಾಲಿ.

ಹಾರ್ಡ್ ಡಿಸ್ಕ್ ಎಂದರೆ ಉಗ್ರಾಣ. ಫೋಟೋ, ಲೆಕ್ಕ, ಕಾಗದಪತ್ರ ಎಲ್ಲ ಇಲ್ಲಿರುತ್ತದೆ. ಕರೆಂಟ್ ಹೋದರೂ ಹಾಗೇ ಇರುತ್ತದೆ.

ಮದರ್‌ಬೋರ್ಡ್ ಎಂದರೆ ಅಡುಗೆಮನೆಯ ನೆಲ ಮತ್ತು ಗೋಡೆ. ಎಲ್ಲ ಭಾಗಗಳೂ ಇದರ ಮೇಲೆ ಕೂರುತ್ತವೆ.

ಅಡುಗೆ ತಡವಾದರೆ ಯಾವಾಗಲೂ ಅಡುಗೆಯವಳದೇ ತಪ್ಪೇ? ಅಲ್ಲ. ಕಟ್ಟೆ ಚಿಕ್ಕದಿರಬಹುದು. ಉಗ್ರಾಣ ದೂರ ಇರಬಹುದು. ಕಂಪ್ಯೂಟರಿನಲ್ಲೂ ಹೀಗೇ.

ನಿಧಾನ ಏಕೆ ಆಗುತ್ತದೆ?

ಮೊದಲನೆಯ ಕಾರಣ, ನಿಧಾನದ ಉಗ್ರಾಣ. ಹಳೇ ಹಾರ್ಡ್ ಡಿಸ್ಕಿನೊಳಗೆ ದುಂಡನೆಯ ತಟ್ಟೆಗಳು ತಿರುಗುತ್ತವೆ. ಗ್ರಾಮಫೋನ್ ಪ್ಲೇಟಿನ ಹಾಗೆ. ಒಂದು ಚಿಕ್ಕ ಕೈ ಹುಡುಕಿ ಹುಡುಕಿ ಓದುತ್ತದೆ. ಇದಕ್ಕೆ ಹೊತ್ತು ಹಿಡಿಯುತ್ತದೆ. ಈಗ ಎಸ್.ಎಸ್.ಡಿ. ಎಂಬ ಬೇರೆ ಬಗೆಯ ಉಗ್ರಾಣ ಬಂದಿದೆ. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಕೇಳಿದ ಸಾಮಾನು ತಕ್ಷಣ ಕೈಗೆ ಬರುತ್ತದೆ. ಹಳೇ ಕಂಪ್ಯೂಟರಿಗೆ ಎಸ್.ಎಸ್.ಡಿ. ಹಾಕಿದರೆ ಸಾಮಾನ್ಯವಾಗಿ ದೊಡ್ಡ ವ್ಯತ್ಯಾಸ ಕಾಣುತ್ತದೆ. ಮನೆಯ ಕೆಲಸಕ್ಕೆ 256 ಜಿ.ಬಿ. ಅಳತೆಯದು ಸಾಕು.

ಎರಡನೆಯದು, ಚಿಕ್ಕ ಕಟ್ಟೆ. ರ‍್ಯಾಮ್ 2 ಅಥವಾ 4 ಜಿ.ಬಿ. ಇದ್ದರೆ ಈಗಿನ ಕೆಲಸಕ್ಕೆ ಇಕ್ಕಟ್ಟು. 8 ಜಿ.ಬಿ. ಇದ್ದರೆ ಲೆಕ್ಕ, ಪತ್ರ, ಪಾಠದ ವಿಡಿಯೋ ಎಲ್ಲಕ್ಕೂ ಸಾಕಾಗುತ್ತದೆ. ಆದರೆ ಒಂದು ಎಚ್ಚರ. ಎಲ್ಲ ರ‍್ಯಾಮ್ ಎಲ್ಲ ಕಂಪ್ಯೂಟರಿಗೂ ಕೂರುವುದಿಲ್ಲ. ಡಿ.ಡಿ.ಆರ್.3, ಡಿ.ಡಿ.ಆರ್.4 ಎಂದು ಬೇರೆ ಬೇರೆ ಬಗೆ ಇವೆ. ಬಾಬಿನ್ ಕೇಸ್ ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ಯುತ್ತೇವೆ ಅಲ್ಲವೇ? ಹಾಗೆಯೇ ಇದಕ್ಕೂ ಹಳೆಯದನ್ನು ತೋರಿಸಿಯೇ ಕೊಳ್ಳಬೇಕು. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೆಸೆದುಬಿಟ್ಟಿರುತ್ತಾರೆ. ಅದನ್ನು ಬದಲಾಯಿಸಲು ಬರುವುದಿಲ್ಲ.

ಮೂರನೆಯದು, ಧೂಳು. ಒಳಗಿನ ಫ್ಯಾನಿಗೆ ಧೂಳು ಮೆತ್ತಿದರೆ ಗಾಳಿ ಆಡುವುದಿಲ್ಲ. ಪ್ರೊಸೆಸರ್ ಬಿಸಿಯಾಗುತ್ತದೆ. ಬಿಸಿಯಾದರೆ ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಧೂಳು ತೆಗೆಸಲು ಹೆಚ್ಚು ಖರ್ಚಿಲ್ಲ. ಮೊದಲು ಅದನ್ನೇ ಮಾಡಿಸಿ.

ಇನ್ನೊಂದು ಚಿಕ್ಕ ವಿಷಯ. ಪ್ರತಿ ಸಲ ಶುರು ಮಾಡಿದಾಗಲೂ ತಾರೀಖು ತಪ್ಪು ತೋರಿಸುತ್ತದೆಯೇ? ಹಾಗಿದ್ದರೆ ಒಳಗಿನ ಬಿಲ್ಲೆಯಂಥ ಸೆಲ್ ಮುಗಿದಿರಬಹುದು. ಅದು ಕೆಲವೇ ಹತ್ತಾರು ರೂಪಾಯಿಯ ಸೆಲ್. ಇದಕ್ಕಾಗಿ ಕಂಪ್ಯೂಟರನ್ನೇ ಎಸೆಯಬೇಡಿ. ತೆಗೆದ ಸೆಲ್ಲನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಮಗು ನುಂಗಿದರೆ ಪ್ರಾಣಕ್ಕೇ ಅಪಾಯ. ತಕ್ಷಣ ಆಸ್ಪತ್ರೆಗೆ ಓಡಬೇಕು.

ಯಾವಾಗ ರಿಪೇರಿ ಬೇಡ?

2016ರಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದು ಬಿತ್ತು. ಆಗ ಊರಲ್ಲೆಲ್ಲ ಒಂದೇ ಮಾತು. ರಿಪೇರಿ ಮಾಡೋದಾ? ಕೆಡವಿ ಕಟ್ಟೋದಾ? ಇಂಥ ಪ್ರಶ್ನೆ ಬಂದಾಗ ಸುಣ್ಣಬಣ್ಣ ನೋಡಿ ಪ್ರಯೋಜನವಿಲ್ಲ. ಗೋಡೆ, ತಳಪಾಯ ನೋಡಬೇಕು.

ಕಂಪ್ಯೂಟರಿನ ತಳಪಾಯ ಮದರ್‌ಬೋರ್ಡ್. ಅದು ಸುಟ್ಟುಹೋದರೆ ಖರ್ಚು ಸರಪಳಿಯಂತೆ ಬೆಳೆಯುತ್ತದೆ. ಹೊಸ ಮದರ್‌ಬೋರ್ಡಿಗೆ ಹಳೇ ಪ್ರೊಸೆಸರ್ ಅನೇಕ ಸಲ ಕೂರುವುದಿಲ್ಲ. ಆಗ ಹೊಸ ಪ್ರೊಸೆಸರ್ ಬೇಕು. ಹಳೇ ರ‍್ಯಾಮೂ ಹೊಂದದೆ ಹೋಗಬಹುದು. ಅದೂ ಹೊಸದೇ ಬೇಕು. ಹೀಗೆ ಒಂದೊಂದೇ ಸೇರಿ ಹೊಸ ಕಂಪ್ಯೂಟರಿನ ಬೆಲೆಯ ಹತ್ತಿರ ಬರುತ್ತದೆ. ಆಗ ರಿಪೇರಿ ಬೇಡ.

ಹೊಸದು ಎಂದರೆ ಎಲ್ಲವೂ ಹೊಸದು ಆಗಬೇಕಿಲ್ಲ. ಮಾನಿಟರ್, ಕೀಬೋರ್ಡ್, ಮೌಸ್ ಚೆನ್ನಾಗಿದ್ದರೆ ಅವನ್ನೇ ಉಳಿಸಿಕೊಳ್ಳಿ. ಸಿ.ಪಿ.ಯು. ಡಬ್ಬ ಮಾತ್ರ ಕೊಳ್ಳಬಹುದು. ಹಳೇ ಮಾನಿಟರಿನ ವೈರ್ ಹೊಸ ಡಬ್ಬಕ್ಕೆ ಹೊಂದುತ್ತದೆಯೇ ಎಂದು ಮಾತ್ರ ಕೇಳಿ.

ವಿಂಡೋಸ್ ಎಂಬ ಬೀಗ

ಕಂಪ್ಯೂಟರನ್ನು ನಡೆಸುವ ತಂತ್ರಾಂಶ ಒಂದಿರುತ್ತದೆ. ಬಹಳ ಕಂಪ್ಯೂಟರುಗಳಲ್ಲಿ ಅದರ ಹೆಸರು ವಿಂಡೋಸ್. ಇದು ಮೈಕ್ರೋಸಾಫ್ಟ್ ಕಂಪನಿಯದು. ಕಳ್ಳರು ದಿನಾಲೂ ಹೊಸ ಹೊಸ ಕಳ್ಳ ಕೀಲಿ ಮಾಡುತ್ತಾರೆ. ಕಂಪನಿ ಆಗಾಗ ಬೀಗ ಸರಿಪಡಿಸಿ ಕಳಿಸುತ್ತದೆ. ಇದಕ್ಕೆ ಅಪ್‌ಡೇಟ್ ಎನ್ನುತ್ತಾರೆ.

ವಿಂಡೋಸ್ 10 ಬಂದದ್ದು 2015ರಲ್ಲಿ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಅಪ್‌ಡೇಟ್ ನಿಂತಿತು. ಹೆಸರು ನೋಂದಾಯಿಸಿದ ಮನೆಯವರಿಗೆ ಇನ್ನೊಂದು ವರ್ಷ ರಕ್ಷಣೆ ಕೊಡುವುದಾಗಿ ಆಗ ಕಂಪನಿ ಹೇಳಿತು. ಆ ದಿನಕ್ಕೆ ಕಂಪ್ಯೂಟರ್ ಕೆಟ್ಟು ಕೂರಲಿಲ್ಲ. ಮೊದಲಿನಂತೆಯೇ ನಡೆಯುತ್ತದೆ. ಆದರೆ ಬೀಗ ಹಳತಾಗುತ್ತಾ ಹೋಗುತ್ತದೆ. ಅಪ್‌ಡೇಟ್ ನಿಂತ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ. ದುಡ್ಡು ಕಳುವಾಗುವ ಭಯ ಇದೆ.

ಮುಂದಿನದು ವಿಂಡೋಸ್ 11. ಸುಮಾರು 2018ಕ್ಕಿಂತ ಮುಂಚೆ ಬಂದ ಹೆಚ್ಚಿನ ಕಂಪ್ಯೂಟರುಗಳಿಗೆ ಅದನ್ನು ಹಾಕಲು ಕಂಪನಿ ಒಪ್ಪುವುದಿಲ್ಲ. ರ‍್ಯಾಮ್ ಹೆಚ್ಚಿಸಿದರೂ ಅಷ್ಟೇ. ಪ್ರೊಸೆಸರೂ ಅದರ ಪಟ್ಟಿಯಲ್ಲಿರಬೇಕು. "ಹೇಗೋ ಹಾಕಿಕೊಡ್ತೀನಿ" ಎನ್ನುವವರೂ ಇರುತ್ತಾರೆ. ಹಾಗೆ ಹಾಕಿದರೆ ಮುಂದೆ ತೊಂದರೆ ಬಂದಾಗ ಕೇಳುವವರಿಲ್ಲ.

ಇನ್ನೊಂದು ದಾರಿ ಇದೆ. ಅದರ ಹೆಸರು ಲಿನಕ್ಸ್. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಹಳೇ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಅಪ್‌ಡೇಟ್ ಬರುತ್ತದೆ. ಕನ್ನಡದಲ್ಲಿ ಬರೆಯಬಹುದು, ಲೆಕ್ಕ ಇಡಬಹುದು. ಆದರೆ ಟ್ಯಾಲಿ, ನುಡಿ ಮುಂತಾದವು ವಿಂಡೋಸಿಗೆ ಮಾಡಿದವು. ನಿಮ್ಮ ಕೆಲಸಕ್ಕೆ ಅವೇ ಬೇಕೆಂದರೆ ಲಿನಕ್ಸ್ ಹಾಕಿಸುವ ಮೊದಲು ವಿಚಾರಿಸಿ.

ಲೆಕ್ಕ ಹಾಕೋಣ

ಕೆಳಗಿನ ಅಂಕಿಗಳು ಲೆಕ್ಕ ಕಲಿಯಲು ಮಾತ್ರ. ಅಂಗಡಿಯ ಬೆಲೆ ಅಲ್ಲ.

ರಿಪೇರಿಗೆ 4,800 ರೂಪಾಯಿ. ಆಮೇಲೆ ಕಂಪ್ಯೂಟರ್ 2 ವರ್ಷ ಬರುತ್ತದೆ. 2 ವರ್ಷ ಎಂದರೆ 24 ತಿಂಗಳು. 4,800ನ್ನು 24ರಿಂದ ಭಾಗಿಸಿ. ತಿಂಗಳಿಗೆ 200 ರೂಪಾಯಿ.

ಹೊಸದಕ್ಕೆ 36,000 ರೂಪಾಯಿ. ಅದು 6 ವರ್ಷ ಬರುತ್ತದೆ. 6 ವರ್ಷ ಎಂದರೆ 72 ತಿಂಗಳು. ತಿಂಗಳಿಗೆ 500 ರೂಪಾಯಿ.

ಇಲ್ಲಿ ರಿಪೇರಿಯೇ ಅಗ್ಗ. ಆದರೆ ರಿಪೇರಿಗೆ 20,000 ಆದರೆ? ಅದೂ 2 ವರ್ಷವೇ ಬಂದರೆ? ತಿಂಗಳಿಗೆ 833 ರೂಪಾಯಿ ಬೀಳುತ್ತದೆ. ಆಗ ಹೊಸದೇ ಅಗ್ಗ. ಒಟ್ಟಿನಲ್ಲಿ ರಿಪೇರಿ ಖರ್ಚು ಹೊಸದರ ಬೆಲೆಯ ಅರ್ಧ ದಾಟಿತೆಂದರೆ ನಿಂತು ಯೋಚಿಸಿ.

ಸಾಲ ಮಾಡಿ ಕೊಂಡರೆ ಬಡ್ಡಿಯನ್ನೂ ಸೇರಿಸಿ. 36,000 ಸಾಲಕ್ಕೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಎಂದರೆ ಮೊದಲ ತಿಂಗಳ ಬಡ್ಡಿಯೇ 360 ರೂಪಾಯಿ.

ಇನ್ನೂ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಕಂಪ್ಯೂಟರಿನಿಂದ ಮನೆಗೆ ದುಡ್ಡು ಬರುತ್ತದೆಯೇ? ಟೈಪಿಂಗ್, ಬಿಲ್ ಕೆಲಸ ಮಾಡಿ ಸಂಪಾದಿಸುವವರಿಗೆ ಯಂತ್ರ ನಿಂತರೆ ಅಂದಿನ ಕೂಲಿ ಹೋಯಿತು. ಅವರಿಗೆ ಹೊಸದೇ ಮೇಲಾಗಬಹುದು.

ನಮ್ಮ ತಾಯಿ ಮಗಳ ಮನೆಯಲ್ಲಿ ಆಗಬೇಕಾದ್ದು ಲೆಕ್ಕ ಮತ್ತು ಪಾಠ. ಮದರ್‌ಬೋರ್ಡ್ ಚೆನ್ನಾಗಿದೆ. 2014ರ ಯಂತ್ರವಾದ್ದರಿಂದ ವಿಂಡೋಸ್ 11 ಬರುವುದಿಲ್ಲ. ಅವರು ಧೂಳು ತೆಗೆಸಿ, ಎಸ್.ಎಸ್.ಡಿ., ರ‍್ಯಾಮ್, ಲಿನಕ್ಸ್ ಹಾಕಿಸಿದರೆ ಸಾಕು. ಚೀಟಿ ದುಡ್ಡು ಫೀಸಿಗೇ ಉಳಿಯುತ್ತದೆ. ಮಗಳಿಗೆ ಕಾಲೇಜಿನಲ್ಲಿ ಟ್ಯಾಲಿಯೇ ಬೇಕೆಂದರೆ ಮಾತ್ರ ತೀರ್ಮಾನ ಬೇರೆ.

ಅಂಗಡಿಗೆ ಹೋಗುವ ಮುನ್ನ

ಫೋಟೋ, ಸಂಘದ ಲೆಕ್ಕ, ಅಂಕಪಟ್ಟಿ ಎಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಸಿಕೊಳ್ಳಿ. ಮೊದಲು ಈ ಕೆಲಸ. ಹಾರ್ಡ್ ಡಿಸ್ಕ್ ಕೆಟ್ಟರೆ ಬೇರೆ ಸಿಗುತ್ತದೆ. ಅದರಲ್ಲಿದ್ದ ಮದುವೆ ಫೋಟೋ ಬೇರೆ ಸಿಗುವುದಿಲ್ಲ.

ಒಂದೇ ಅಂಗಡಿಯಲ್ಲಿ ಕೇಳಿ ಒಪ್ಪಬೇಡಿ. ಎರಡು ಮೂರು ಕಡೆ ವಿಚಾರಿಸಿ. ರ‍್ಯಾಮಿನ ಬೆಲೆ 2025ರ ಕೊನೆಯ ತಿಂಗಳುಗಳಲ್ಲಿ ಬಹಳ ಏರಿತು. ಹೋದ ವರ್ಷದ ಬೆಲೆ ನಂಬಿ ಹೋಗಬೇಡಿ. ಅಂಗಡಿಯಲ್ಲಿ ಹೀಗೆ ಕೇಳಿ:

"ಅಣ್ಣಾ, ಯಾವ ಭಾಗ ಹೋಗಿದೆ? ತೋರಿಸಿ."

"ಹಾರ್ಡ್ ಡಿಸ್ಕ್ ಹೋಗಿದೆ ಅಕ್ಕ. ಎಸ್.ಎಸ್.ಡಿ. ಹಾಕಿದ್ರೆ ಸರಿಹೋಗುತ್ತೆ."

"ಸಾಮಾನಿಗೆ ಎಷ್ಟು? ಕೂಲಿಗೆ ಎಷ್ಟು? ಬೇರೆ ಬೇರೆ ಹೇಳಿ. ಗ್ಯಾರಂಟಿ ಎಷ್ಟು ವರ್ಷ? ಬಿಲ್ಲಿನಲ್ಲಿ ಬರೆದು ಕೊಡಿ. ತೆಗೆದ ಹಳೇ ಡಿಸ್ಕ್ ನನಗೇ ಕೊಡಿ."

ಹಳೇ ಡಿಸ್ಕ್ ಏಕೆ ಬೇಕು? ಅದರಲ್ಲಿ ನಿಮ್ಮ ಫೋಟೋ, ಕಾಗದಪತ್ರ ಇನ್ನೂ ಇರಬಹುದು. ಬೇರೆಯವರ ಕೈಗೆ ಹೋಗಬಾರದು.

ಆಫೀಸುಗಳಲ್ಲಿ ಬಳಸಿ ಬಿಟ್ಟ ಯಂತ್ರಗಳೂ ಕಡಿಮೆ ಬೆಲೆಗೆ ಸಿಗುತ್ತವೆ. "ಇದಕ್ಕೆ ವಿಂಡೋಸ್ 11 ಸರಿಯಾಗಿ ಬರುತ್ತಾ? ಗ್ಯಾರಂಟಿ ಬರೆದು ಕೊಡ್ತೀರಾ?" ಎಂದು ಕೇಳಿಯೇ ಕೊಳ್ಳಿ.

ಬಿಲ್ಲನ್ನು ಜೋಪಾನವಾಗಿಡಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅದರ ನಂಬರ್ 1915.

ಹಳೆಯದನ್ನು ಏನು ಮಾಡೋಣ?

ಕಸದ ಗಾಡಿಗೆ ಹಾಕಬೇಡಿ. ತಾಮ್ರದ ಆಸೆಗೆ ವೈರ್ ಸುಡಬೇಡಿ. ಆ ಹೊಗೆ ವಿಷ. ಡಬ್ಬದಂಥ ಹಳೇ ಮಾನಿಟರಿನ ಗಾಜಿನಲ್ಲಿ ಸೀಸ ಇರುತ್ತದೆ. ಅದನ್ನು ಒಡೆಯಬೇಡಿ. ಇ-ಕಸಕ್ಕೆ ಸರ್ಕಾರದ ನಿಯಮ ಇದೆ. 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ನೋಂದಣಿ ಆದ ಇ-ಕಸದವರಿಗೇ ಕೊಡಿ. ಹೊಸದು ಕೊಳ್ಳುವ ಅಂಗಡಿಯಲ್ಲಿ ಹಳೆಯದನ್ನು ತಗೊಳ್ಳುತ್ತಾರಾ ಎಂದೂ ಕೇಳಿ.

ನೆನಪಿಡಿ

1. ಮೊದಲು ನಕಲು, ಆಮೇಲೆ ರಿಪೇರಿ.
2. ಯಾವ ಭಾಗ ಹೋಗಿದೆ ಎಂದು ತಿಳಿಯದೆ ದುಡ್ಡು ಕೊಡಬೇಡಿ.
3. ತಿಂಗಳ ಲೆಕ್ಕ ಹಾಕಿ. ಬಡ್ಡಿ ಸೇರಿಸಿ.
4. ಅಪ್‌ಡೇಟ್ ಇಲ್ಲದ ಕಂಪ್ಯೂಟರಿನಲ್ಲಿ ಬ್ಯಾಂಕ್ ಕೆಲಸ ಬೇಡ.
5. ಬಿಲ್ ಇಲ್ಲದೆ ಏನನ್ನೂ ಕೊಳ್ಳಬೇಡಿ.

ಉತ್ತರ ಬರೆಯಿರಿ

1. ರ‍್ಯಾಮನ್ನು ಅಡುಗೆಮನೆಯ ಯಾವುದಕ್ಕೆ ಹೋಲಿಸಿದೆ?
2. ರಿಪೇರಿಗೆ 6,000 ರೂಪಾಯಿ. 2 ವರ್ಷ ಬರುತ್ತದೆ. ತಿಂಗಳಿಗೆ ಎಷ್ಟಾಯಿತು?
3. ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತದ್ದು ಯಾವಾಗ?

ಸಂಘದಲ್ಲಿ ಚರ್ಚೆ ಮಾಡಿ

ನಿಮ್ಮ ಮನೆಯಲ್ಲಿ ಒಂದು ಯಂತ್ರ ಕೆಟ್ಟಾಗ ರಿಪೇರಿ ಮಾಡಿಸಬೇಕೋ, ಹೊಸದು ಕೊಳ್ಳಬೇಕೋ ಎಂದು ತೀರ್ಮಾನಿಸುವವರು ಯಾರು? ನಿಮ್ಮನ್ನೂ ಕೇಳುತ್ತಾರೆಯೇ?