ತೋರಣ ಕಟ್ಟಿದವರ ಮನಸ್ಸು

ಶಿಕಾರಿಪುರ ತಾಲ್ಲೂಕಿನ ಈಸೂರಿನ ಊರಬಾಗಿಲಲ್ಲಿ 1942ರ ಸೆಪ್ಟೆಂಬರಿನಲ್ಲಿ ಒಂದು ಹಲಗೆ ತೂಗಿತ್ತು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಈ ಊರೊಳಗೆ ಪ್ರವೇಶವಿಲ್ಲ ಎಂಬುದು ಅದರ ತಾತ್ಪರ್ಯ. ಸಾಹೇಬರ ಸವಾರಿ ಬರುತ್ತದೆಂದರೆ ಮಾವಿನೆಲೆ, ಬಾಳೆಕಂದು ಕಟ್ಟಿ ಓಲಗ ಊದಿಸಿ ಕಾಯುತ್ತಿದ್ದ ಸೀಮೆಯಲ್ಲಿ, ತೋರಣ ಕಟ್ಟಬೇಕಾದ ಜಾಗಕ್ಕೇ ಈ ಹಲಗೆ ಬಂದಿತ್ತು.

ಹಲಗೆಯ ಮೇಲಿನ ‘ಬೇಜವಾಬ್ದಾರಿ’ ಎಂಬ ಪದವನ್ನು ಇಂದಿನ ಓದುಗರು ‘ಉಡಾಫೆ’ ಎಂಬ ಅರ್ಥದಲ್ಲಿ ಓದಿಕೊಳ್ಳಬಹುದು. ಆಗ ಅದಕ್ಕೆ ಬೇರೆಯೇ ತೂಕವಿತ್ತು. ಪ್ರಜೆಗಳು ಆರಿಸಿದವರಿಗೆ ಉತ್ತರ ಹೇಳಬೇಕಾದ ಸರ್ಕಾರ, ಅಂದರೆ ‘ಜವಾಬ್ದಾರಿ ಸರ್ಕಾರ’, ಮೈಸೂರು ಸಂಸ್ಥಾನದ ಕಾಂಗ್ರೆಸ್ಸಿನ ಮುಖ್ಯ ಬೇಡಿಕೆಯಾಗಿತ್ತು. ಅಮಲ್ದಾರ ಪ್ರಜೆಗೆ ಉತ್ತರ ಹೇಳಬೇಕಿರಲಿಲ್ಲ, ದಿವಾನರಿಗೆ ಹೇಳಿದರೆ ಸಾಕಿತ್ತು. ದಿವಾನರು ಮಹಾರಾಜರಿಗೆ, ಮಹಾರಾಜರು ಬ್ರಿಟಿಷ್ ರೆಸಿಡೆಂಟನ ಮೂಲಕ ಚಕ್ರವರ್ತಿಗೆ. ಈ ಏಣಿಯ ತುದಿಯಲ್ಲಿದ್ದ ಲಂಡನ್ನಿನ ರಾಜಮನೆತನದವರು ಆಗೊಮ್ಮೆ ಈಗೊಮ್ಮೆ ಮೈಸೂರು ಸೀಮೆಗೂ ಬಂದುಹೋಗುತ್ತಿದ್ದರು. ಬಂದಾಗಲೆಲ್ಲ ಜನಸಾಗರ ನೆರೆಯಿತೆಂದೂ, ಪ್ರಜೆಗಳ ರಾಜಭಕ್ತಿ ಉಕ್ಕಿ ಹರಿಯಿತೆಂದೂ ವರದಿಗಳಾದವು. ಜನ ನೆರೆದದ್ದು ನಿಜ. ಆದರೆ ನೆರೆದ ಜನರ ಅಭಿಪ್ರಾಯವೇನು ಎಂಬುದು ಬೇರೆ ಪ್ರಶ್ನೆ.

ವಿಕ್ಟೋರಿಯಾ ರಾಣಿಯ ಮೊಮ್ಮಗ ರಾಜಕುಮಾರ ಆಲ್ಬರ್ಟ್ ವಿಕ್ಟರ್ 1889ರಲ್ಲಿ ಬಂದ. ಆ ವರ್ಷದ ನವೆಂಬರ್ 30ರಂದು ಬೆಂಗಳೂರಿನ ಲಾಲ್‌ಬಾಗಿನ ಗಾಜಿನಮನೆಗೆ ಶಂಕುಸ್ಥಾಪನೆ ಮಾಡಿದವನು ಅವನೇ. ಆಗಸ್ಟ್ ಮತ್ತು ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ನೂಕುನುಗ್ಗಲಲ್ಲಿ ಹೋಗಿ ಬರುವವರಲ್ಲಿ ಎಷ್ಟು ಮಂದಿಗೆ ಅವನ ಹೆಸರು ಗೊತ್ತೋ! ಮುಂದೆ ಐದನೆಯ ಜಾರ್ಜ್ ಎನಿಸಿಕೊಂಡ ಅವನ ತಮ್ಮ 1906ರಲ್ಲಿ ಯುವರಾಜನಾಗಿ ಬಂದು, ಫೆಬ್ರವರಿ 5ರಂದು ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಅಜ್ಜಿಯ ಅಮೃತಶಿಲೆಯ ಪ್ರತಿಮೆಯನ್ನು ಅನಾವರಣ ಮಾಡಿದ. ಜಾರ್ಜನ ಮಗ ಎಡ್ವರ್ಡ್ ಬಂದದ್ದು 1922ರ ಜನವರಿಯಲ್ಲಿ. ಹೀಗೆ ಬಂದ ಗಣ್ಯರಿಗೆ ಮೈಸೂರು ತೋರಿಸುತ್ತಿದ್ದ ಅಚ್ಚರಿಗಳಲ್ಲಿ ದೊಡ್ಡದು ಕಾಕನಕೋಟೆಯ ಕಾಡಿನ ಖೆಡ್ಡಾ. ಕಾಡಾನೆಗಳನ್ನು ದಿನಗಟ್ಟಲೆ ಸುತ್ತುವರಿದು ಅಟ್ಟಿ ತರುವವರು ಕಾಡಿನ ಜನ. ಅಟ್ಟಣೆಯ ಮೇಲೆ ಕುಳಿತು ನೋಡುವವರು ಅತಿಥಿಗಳು.

ಈ ಯಾವ ಪ್ರವಾಸಗಳ ಕಾಲಕ್ಕೂ ಶಿಕಾರಿಪುರ ಸೊರಬಗಳಲ್ಲಿ ರಾಜಕುಮಾರರಿಗಾಗಿ ಕಮಾನು ಕಟ್ಟಬೇಕಾಗಿ ಬರಲಿಲ್ಲ. ಆದರೂ ಮಲೆನಾಡಿನ ಒಂದು ವಸ್ತು ಇಂಥ ಸ್ವಾಗತಗಳಿಗೆ ಬೇಕೇ ಬೇಕಿತ್ತು. ದೊಡ್ಡ ಅತಿಥಿಗಳಿಗೆ ಬಿನ್ನವತ್ತಳೆಯನ್ನು ಬೆಳ್ಳಿಯ ಇಲ್ಲವೆ ಗಂಧದ ಕರಂಡಕದಲ್ಲಿಟ್ಟು ಒಪ್ಪಿಸುವುದು ಆಗಿನ ರೂಢಿ. ಗಂಧದ ಕೆತ್ತನೆಗೆ ಹೆಸರಾದವರು ಸೊರಬ, ಸಾಗರಗಳ ಗುಡಿಗಾರರು. ಅಂಗೈಯಗಲದ ಮುಚ್ಚಳದಲ್ಲಿ ಬಳ್ಳಿ, ಹಕ್ಕಿ, ದೇವತೆಗಳನ್ನು ಒತ್ತೊತ್ತಾಗಿ ಬಿಡಿಸುವ ಅವರ ಕೈಚಳಕ ವಿದೇಶಗಳಲ್ಲೂ ಹೊಗಳಿಸಿಕೊಂಡಿದೆ. ಆದರೆ ಆ ಗಂಧದ ಮರ ಯಾರದು? ಟಿಪ್ಪುವಿನ ಕಾಲದಿಂದಲೂ ಅದು ರಾಜವೃಕ್ಷ. ರೈತನ ಹಿತ್ತಲಲ್ಲೇ ಹುಟ್ಟಿ ಬೆಳೆದರೂ ಅದು ಸರ್ಕಾರದ್ದು. ಅವನು ಅದನ್ನು ಕಾಯಬೇಕು, ಕಡಿಯುವಂತಿಲ್ಲ. ತನ್ನ ನೆಲದ ಗಂಧದ ಮರಕ್ಕೆ ಕರ್ನಾಟಕದ ರೈತ ಒಡೆಯನಾದದ್ದು 2001ರ ಕಾನೂನು ತಿದ್ದುಪಡಿಯ ಬಳಿಕ. ಪ್ರಜೆಗಳ ಪ್ರೀತಿಯ ಕಾಣಿಕೆ ಎಂದು ಒಪ್ಪಿಸುತ್ತಿದ್ದ ಕರಂಡಕದ ಮರವನ್ನು ಮುಟ್ಟಿದ ಪ್ರಜೆ ಅಪರಾಧಿಯಾಗುತ್ತಿದ್ದ.

ಕಾಣಿಕೆ ಗಂಧದ ಪೆಟ್ಟಿಗೆಗೇ ಮುಗಿಯುತ್ತಿರಲಿಲ್ಲ. 1799ರ ಒಪ್ಪಂದದಂತೆ ಮೈಸೂರು ಬ್ರಿಟಿಷರಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ ಕೊಡಬೇಕಿತ್ತು. 1896ರಿಂದ ಅದು 35 ಲಕ್ಷವಾಯಿತು. ಯುವರಾಜರಿಬ್ಬರು ಬಂದುಹೋದದ್ದು ಈ 35 ಲಕ್ಷದ ಕಾಲದಲ್ಲೇ. ಮೊತ್ತ ಮತ್ತೆ ಹಿಂದಿನ ಮಟ್ಟಕ್ಕೆ ಇಳಿಯಲು 1928 ಬರಬೇಕಾಯಿತು. ಮಲೆನಾಡಿನ ಗದ್ದೆ ಅಡಿಕೆ ತೋಟಗಳ ಕಂದಾಯದಲ್ಲೂ ಅದರ ಪಾಲಿತ್ತು.

ಜನ ಇದನ್ನೆಲ್ಲ ಬಾಯಿಬಿಟ್ಟು ಹೇಳಲಿಲ್ಲವೆ? ಹೇಳಲು ಇದ್ದ ದಾರಿ ಕಿರಿದು. 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯಲ್ಲಿ ಅಹವಾಲು ಹೇಳಿಕೊಳ್ಳಬಹುದಿತ್ತು, ಅಧಿಕಾರ ನಡೆಸುವಂತಿರಲಿಲ್ಲ. ಪತ್ರಿಕೆಗಳು ಸ್ವಲ್ಪ ದನಿ ಎತ್ತುತ್ತಿದ್ದಂತೆ 1908ರ ಪತ್ರಿಕಾ ನಿಬಂಧನೆ ಬಂತು. ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ನಡೆಸುವಂತಿಲ್ಲ ಎಂದಾದ ಮೇಲೆ ಕೆಲವು ಪತ್ರಿಕೆಗಳು ನಿಂತೇಹೋದವು. ಇಂಥ ಕಾಲದ ರಾಜಭಕ್ತಿಯ ವರದಿಗಳನ್ನು ಓದುವಾಗ, ಭಕ್ತಿಯಿಲ್ಲದವನಿಗೆ ಅಚ್ಚಿನ ಮೊಳೆ ಸಿಗುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಕಾಂಗ್ರೆಸ್ಸಿನೊಳಗೂ ಆಗ ಮನಸ್ಸು ಒಂದೇ ಆಗಿರಲಿಲ್ಲ. ಬಂಗಾಳ ವಿಭಜನೆಯ ಗಾಯ ಹಸಿಯಾಗಿದ್ದಾಗಲೇ, 1905ರ ಡಿಸೆಂಬರಿನ ಕಾಶಿ ಅಧಿವೇಶನದಲ್ಲಿ ಯುವರಾಜ ದಂಪತಿಗಳಿಗೆ ಸ್ವಾಗತ ಕೋರುವ ನಿರ್ಣಯ ಬಂದಿತ್ತು. ಅದಕ್ಕೆ ಲಾಲಾ ಲಜಪತ್ ರಾಯರಂಥವರ ವಿರೋಧವೂ ಇತ್ತು.

ಹದಿನಾರು ವರ್ಷಗಳಲ್ಲಿ ಗಾಳಿ ಪೂರ್ತಿ ತಿರುಗಿತು. ಎಡ್ವರ್ಡ್ 1921ರ ನವೆಂಬರ್ 17ರಂದು ಮುಂಬಯಿಯಲ್ಲಿ ಇಳಿದಾಗ ಗಾಂಧೀಜಿ ಬಹಿಷ್ಕಾರಕ್ಕೆ ಕರೆಕೊಟ್ಟಿದ್ದರು. ತಮ್ಮ ವಿರೋಧ ಆ ತರುಣನ ಮೇಲಲ್ಲ, ಅವನನ್ನು ಮೆರೆಸುತ್ತಿರುವ ಆಡಳಿತದ ಮೇಲೆ ಎಂದು ಅವರು ಸ್ಪಷ್ಟಪಡಿಸಿದ್ದರು. ಮುಂಬಯಿಯಲ್ಲಿ ಗಲಭೆಯಾಗಿ ರಕ್ತ ಹರಿಯಿತು. ಗಾಂಧೀಜಿ ಉಪವಾಸ ಕುಳಿತರು. ಅಲಹಾಬಾದಿನಲ್ಲಿ ಯುವರಾಜನ ಸಾರೋಟು ಬರಿದಾದ ಬೀದಿಗಳಲ್ಲಿ ಸಾಗಿತು. ಕಲ್ಕತ್ತದಲ್ಲಿ ಹರತಾಳ, ಜನವರಿಯಲ್ಲಿ ಮದರಾಸಿನಲ್ಲಿ ಮತ್ತೆ ಗಲಭೆ. ಅಲ್ಲಿಂದ ಕೆಲವೇ ದಿನಗಳಲ್ಲಿ ಅವನು ಬೆಂಗಳೂರಿಗೆ, ಬಳಿಕ ಮೈಸೂರಿಗೆ ಬಂದ. ಇಲ್ಲಿ ಸಿಕ್ಕಿದ್ದು ಅರಮನೆಯ ವೈಭವದ ಸ್ವಾಗತ. ಹಾಗೆಂದು ಮದರಾಸಿನವರಿಗೆ ಸಿಟ್ಟು, ಮೈಸೂರಿನವರಿಗೆ ಪ್ರೀತಿ ಎಂದು ತೀರ್ಮಾನಿಸುವುದು ಆತುರವಾದೀತು. ಇಲ್ಲಿಯ ಆತಿಥೇಯರು ಸ್ವತಃ ಮಹಾರಾಜರು. ನಾಲ್ವಡಿ ಕೃಷ್ಣರಾಜ ಒಡೆಯರನ್ನು ಜನ ನಿಜವಾಗಿಯೂ ಗೌರವಿಸುತ್ತಿದ್ದರು. ಮನೆಯ ಯಜಮಾನ ಕರೆದ ಅತಿಥಿಗೆ ಬೆನ್ನು ತಿರುಗಿಸುವುದು ನಮ್ಮ ಕಡೆ ಸುಲಭವಲ್ಲ.

ಇನ್ನೊಂದು ಬಗೆಯ ಪ್ರವಾಸವನ್ನು ಮಲೆನಾಡು ನೋಡಿದ್ದು 1927ರ ಆಗಸ್ಟಿನಲ್ಲಿ, ಗಾಂಧೀಜಿ ಶಿವಮೊಗ್ಗ ಸಾಗರಗಳ ಕಡೆ ಬಂದಾಗ. ಸಾಗರದವರೆಗೆ ಬಂದವರು ಜೋಗದ ಜಲಪಾತ ನೋಡಲು ಮಾತ್ರ ಹೋಗಲಿಲ್ಲ. ಎಷ್ಟು ಎತ್ತರದಿಂದ ನೀರು ಬೀಳುತ್ತದೆಂದು ಕಾಕಾ ಕಾಲೇಲ್ಕರರು ಆಸೆ ಹುಟ್ಟಿಸಲು ನೋಡಿದರೆ, ಮಳೆಯ ನೀರು ಅದಕ್ಕಿಂತ ಎತ್ತರದಿಂದ ಬೀಳುವುದಿಲ್ಲವೆ ಎಂದು ಕೇಳಿ ನಕ್ಕುಬಿಟ್ಟರಂತೆ. ಜೊತೆಗಿದ್ದವರು ಹೋಗಿ ನೋಡಿಬಂದರು. ಮಲೆನಾಡಿನ ಮಳೆಗಾಲದ ಜೋಗವನ್ನು ಬಿಟ್ಟುಬಿಡುವಷ್ಟು ಬಿಗಿ ಬೇಕಿತ್ತೆ ಎಂದು ಇಂದೂ ಅನ್ನಿಸಿದರೆ ತಪ್ಪಲ್ಲ. ಆದರೆ ಆ ನಿರಾಕರಣೆಯನ್ನು ಜನ ಮರೆಯಲಿಲ್ಲ.

ಹಳ್ಳಿಗನ ಮಟ್ಟಿಗೆ ಪ್ರಭುತ್ವದ ಪ್ರವಾಸ ಎಂದರೆ ರಾಜಕುಮಾರನ ಸಾರೋಟಲ್ಲ, ಅಮಲ್ದಾರರ ಸರ್ಕೀಟು. ಸಾಹೇಬರ ಮೊಕ್ಕಾಂ ಬಿತ್ತೆಂದರೆ ಪಟೇಲ, ಶಾನುಭೋಗರು ಓಡಾಡಬೇಕು. ತಳವಾರ ಮನೆಮನೆಗೆ ಹೋಗಿ ಗಾಡಿ, ಹುಲ್ಲು, ಸೌದೆ, ಹಾಲು, ಕೋಳಿ ಹೊಂದಿಸಬೇಕು. ಎಲ್ಲಕ್ಕೂ ಬೆಲೆ ಕೊಡಬೇಕೆಂಬುದು ಕಾಗದದ ಮಾತು. ಹಳ್ಳಿಯಲ್ಲಿ ಅದರ ಹೆಸರು ಬಿಟ್ಟಿ. ರಾಜಪುರುಷರ ನಡತೆಯ ಬಗ್ಗೆ ಈ ಸೀಮೆಗೆ ಹಳೆಯ ನೆನಪುಗಳೂ ಇವೆ. ಕಂಚಿಯಲ್ಲಿ ಪಲ್ಲವರ ಕುದುರೆ ಸವಾರನೊಡನೆ ನಡೆದ ಜಗಳವೇ ಮಯೂರಶರ್ಮನ ಕೈಗೆ ಕತ್ತಿ ಕೊಟ್ಟಿತು ಎನ್ನುವ ಶಾಸನ ನಿಂತಿರುವುದು ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲೇ. 1830ರಲ್ಲಿ ನಗರ ಸೀಮೆಯ ರೈತರು ಅಧಿಕಾರಿಗಳ ಸುಲಿಗೆಯನ್ನು ಪ್ರತಿಭಟಿಸಿ ಕೂಟ ಸೇರಿದರು. ಬಂಡಾಯ ಹಬ್ಬಿತು. ಮರುವರ್ಷ ಬ್ರಿಟಿಷರು ಅದನ್ನೇ ಕಾರಣ ಮಾಡಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನೇ ಕಿತ್ತುಕೊಂಡರು. ಅದು ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ.

ಈಸೂರಿನ ಹಲಗೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕುಮುದ್ವತಿ ನದಿಯ ದಂಡೆಯ ಈ ಹಳ್ಳಿಗೆ ‘ಭಾರತ ಬಿಟ್ಟು ತೊಲಗಿ’ ಚಳವಳಿ ಕಂದಾಯ ನಿರಾಕರಣೆಯಾಗಿ ಬಂತು. ವಸೂಲಿಗೆ ಬಂದ ಶಾನುಭೋಗ, ಪಟೇಲರಿಂದ ಲೆಕ್ಕದ ಪುಸ್ತಕಗಳನ್ನು ಊರವರು ಕಿತ್ತುಕೊಂಡರು. ಸಾಹುಕಾರ್ ಬಸವಣ್ಯಪ್ಪನವರ ಮುಂದಾಳುತನದಲ್ಲಿ ಸ್ವರಾಜ್ಯ ಸರ್ಕಾರ ಘೋಷಣೆಯಾಯಿತು. ವೀರಭದ್ರ ದೇವಾಲಯದ ಮೇಲೆ ಧ್ವಜ ಏರಿತು. ಆ ಸರ್ಕಾರದ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಯಾರು? ಜಯಣ್ಣ, ಮಲ್ಲಪ್ಪ ಎಂಬ ಇಬ್ಬರು ಎಳೆಯ ಹುಡುಗರು. ಹುಡುಗಾಟಿಕೆಯಂತೆ ಕಾಣುವ ಈ ನೇಮಕದಲ್ಲಿ ಒಂದು ಕುಹಕವೂ ಇದ್ದಿರಬೇಕು: ಆ ಕುರ್ಚಿಗೆ ಇಷ್ಟೇ ಸಾಕು ಎಂಬಂತೆ!

ಕುಹಕ ಬಹಳ ದಿನ ಉಳಿಯಲಿಲ್ಲ. ಸೆಪ್ಟೆಂಬರ್ 28ರಂದು ಶಿಕಾರಿಪುರದಿಂದ ಸರ್ಕಾರದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಪೊಲೀಸರೊಂದಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಊರವರು ಒತ್ತಾಯಿಸಿದರು. ಮಾತಿಗೆ ಮಾತು ಬೆಳೆಯಿತು, ಲಾಠಿ ಬೀಸಿತು, ಗುಂಡು ಹಾರಿತು. ರೊಚ್ಚಿಗೆದ್ದ ಗುಂಪಿನ ಕೈಗೆ ಸಿಕ್ಕಿ ಇಬ್ಬರು ಅಧಿಕಾರಿಗಳೂ ಸತ್ತರು. ಅವರೂ ಕನ್ನಡಿಗರೇ, ಸಂಬಳಕ್ಕೆ ದುಡಿಯುತ್ತಿದ್ದವರೇ. ಏಣಿಯ ತುದಿಯವರ ಪಾಲಿನ ಸಿಟ್ಟು ಅದರ ಕೆಳಗಿನ ಮೆಟ್ಟಿಲ ಮೇಲೆ ಬಿತ್ತು. ಬೆನ್ನಿಗೇ ಸೈನ್ಯ ಬಂತು. ಮನೆಗಳು ಸುಟ್ಟವು, ಸುಲಿಗೆಯಾಯಿತು, ಜನ ಕಾಡು ಸೇರಿದರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು. ಜೀವಾವಧಿ ಶಿಕ್ಷೆಯಾದವರಲ್ಲಿ ಹೆಂಗಸರೂ ಇದ್ದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತು ಜನರ ಬಾಯಲ್ಲಿ ಉಳಿಯಿತು.

ಆಗ ಸಂಸ್ಥಾನದ ದೊರೆ ಜಯಚಾಮರಾಜ ಒಡೆಯರು. 1961ರ ಫೆಬ್ರವರಿಯಲ್ಲಿ ಎರಡನೆಯ ಎಲಿಜಬೆತ್ ರಾಣಿ ಬೆಂಗಳೂರಿಗೆ ಬಂದಾಗ ಬರಮಾಡಿಕೊಂಡವರೂ ಅವರೇ, ಆದರೆ ಮಹಾರಾಜರಾಗಿ ಅಲ್ಲ, ಗಣರಾಜ್ಯದ ರಾಜ್ಯಪಾಲರಾಗಿ. ಮುಖ್ಯಮಂತ್ರಿ ಬಿ.ಡಿ. ಜತ್ತಿಯವರು ವಿಧಾನಸಭೆಗೆ ಉತ್ತರ ಹೇಳಬೇಕಾದವರು. ರಾಣಿ ಲಾಲ್‌ಬಾಗಿನಲ್ಲಿ ಸಸಿ ನೆಟ್ಟರು. ಬೀದಿಯ ಎರಡೂ ಬದಿಗೆ ಜನ ಕಿಕ್ಕಿರಿದರು. ಈ ಸಲ ಯಾವ ಅಮಲ್ದಾರನೂ ಅವರನ್ನು ಹೊಂದಿಸಿ ತಂದಿರಲಿಲ್ಲ. ಗುಲಾಮಗಿರಿ ಕಳೆದ ಮೇಲೆ ಅತಿಥಿಯ ಮೇಲೆ ಕುತೂಹಲ ತೋರಿಸಲು ಸಂಕೋಚವೇಕೆ? ಅದೇ ಪ್ರವಾಸದಲ್ಲಿ ರಾಣಿಯ ಪತಿ ಫಿಲಿಪ್ ರಾಜಸ್ಥಾನದಲ್ಲಿ ಹುಲಿ ಹೊಡೆದದ್ದಕ್ಕೆ ಇಲ್ಲಿಗಿಂತ ಬ್ರಿಟನ್ನಿನಲ್ಲೇ ಹೆಚ್ಚು ಗದ್ದಲವಾಯಿತು. 1997ರಲ್ಲಿ ಜಲಿಯನ್‌ವಾಲಾಬಾಗಿನಲ್ಲಿ ಸತ್ತವರ ಸಂಖ್ಯೆಯನ್ನು ಉತ್ಪ್ರೇಕ್ಷೆ ಎಂದು ಅವರು ಆಡಿದ ಮಾತು ಮಾತ್ರ ಭಾರತದಲ್ಲಿ ಕಹಿಯಾಗಿಯೇ ಉಳಿಯಿತು.

ಬ್ರಿಟನ್ನಿನ ಪ್ರಜೆಗಳೂ ಈಗ ತಮ್ಮ ರಾಜಮನೆತನದ ಸರ್ಕೀಟಿನ ಲೆಕ್ಕ ಕೇಳುತ್ತಾರೆ. ಖಜಾನೆಯ ಹಣದಲ್ಲಿ ನಡೆದ ದೊಡ್ಡ ಪ್ರಯಾಣಗಳ ವೆಚ್ಚ ಪ್ರತಿವರ್ಷ ಅಚ್ಚಾಗುತ್ತದೆ, ಪತ್ರಿಕೆಗಳು ಅದನ್ನು ಜಾಲಾಡುತ್ತವೆ. ರಾಣಿಯ ಎರಡನೆಯ ಮಗ ಆಂಡ್ರ್ಯೂ 2001ರಿಂದ 2011ರವರೆಗೆ ದೇಶದ ವ್ಯಾಪಾರ ಪ್ರತಿನಿಧಿಯಾಗಿ ಲೋಕ ಸುತ್ತಿದಾಗ ಪತ್ರಿಕೆಗಳು ಇಟ್ಟ ಹೆಸರು ‘ಏರ್ ಮೈಲ್ಸ್ ಆಂಡಿ’. ವಿಮಾನ, ಹೆಲಿಕಾಪ್ಟರುಗಳ ಖರ್ಚಿಗೆ ಆರಂಭವಾದ ಗೊಣಗಾಟ, ಲೈಂಗಿಕ ಅಪರಾಧಿ ಜೆಫ್ರಿ ಎಪ್‌ಸ್ಟೀನನೊಂದಿಗಿನ ಗೆಳೆತನದಿಂದ ತಿರಸ್ಕಾರವಾಗಿ ತಿರುಗಿತು. ಆರೋಪಗಳನ್ನು ಆಂಡ್ರ್ಯೂ ಅಲ್ಲಗಳೆದರೂ, 2025ರ ಅಕ್ಟೋಬರಿನಲ್ಲಿ ಅಣ್ಣ ಚಾರ್ಲ್ಸ್ ದೊರೆ ‘ರಾಜಕುಮಾರ’ ಎಂಬ ಬಿರುದನ್ನೇ ಹಿಂತೆಗೆದುಕೊಳ್ಳುವ ನಿರ್ಧಾರ ಪ್ರಕಟಿಸಬೇಕಾಯಿತು.

ಅದಕ್ಕೆ ಒಂದು ವರ್ಷ ಮೊದಲು, 2024ರ ಅಕ್ಟೋಬರಿನಲ್ಲಿ, ಚಾರ್ಲ್ಸ್ ದೊರೆ ಪತ್ನಿಯೊಂದಿಗೆ ಬೆಂಗಳೂರಿಗೆ ಬಂದಿದ್ದರು. ವೈಟ್‌ಫೀಲ್ಡ್ ಬಳಿಯ ಒಂದು ಚಿಕಿತ್ಸಾ ಕೇಂದ್ರದಲ್ಲಿ ಕೆಲವು ದಿನ ತಂಗಿದ್ದು ಹೊರಟರು. ಕಮಾನಿಲ್ಲ, ಬಿನ್ನವತ್ತಳೆಯಿಲ್ಲ, ಗಂಧದ ಕರಂಡಕವೂ ಇಲ್ಲ. ಖಾಸಗಿ ಭೇಟಿ ಎಂದು ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲೆಯೇ ಬೆಂಗಳೂರಿನ ಬಹುಪಾಲು ಜನಕ್ಕೆ ಅದು ತಿಳಿದದ್ದು.