ಮಳೆಗಾಲದ ನಂತರ ಮನೆಯ ಈಜುಕೊಳ: ಶರತ್ಕಾಲ ಮತ್ತು ಚಳಿಗಾಲದ ಸಿದ್ಧತೆ

ಬಿಜೂರು, ಉಪ್ಪುಂದ, ಕಿರಿಮಂಜೇಶ್ವರ, ಮರವಂತೆ ಮೊದಲಾದ ರಾಷ್ಟ್ರೀಯ ಹೆದ್ದಾರಿ 66ರ ಇಕ್ಕೆಲದ ಗ್ರಾಮಗಳಲ್ಲಿ ಮನೆಯೊಂದಕ್ಕೆ ಬಾವಿ, ಅಂಗಳ, ತೆಂಗಿನ ತೋಟ ಇರುವುದು ರೂಢಿ. ಇತ್ತೀಚಿನ ವರ್ಷಗಳಲ್ಲಿ ಕರಾವಳಿಯ ಹೋಮ್‌ಸ್ಟೇ, ರೆಸಾರ್ಟ್ ಹಾಗೂ ಕೆಲವು ಖಾಸಗಿ ಮನೆಗಳಿಗೆ ಈಜುಕೊಳವೂ ಸೇರಿಕೊಂಡಿದೆ. ಉದ್ಯೋಗ, ವ್ಯಾಪಾರಗಳ ನಿಮಿತ್ತ ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವವರ ಮನೆಗಳು ವರ್ಷದ ಹೆಚ್ಚಿನ ಕಾಲ ಬೀಗ ಹಾಕಿಕೊಂಡೇ ಇರುತ್ತವೆ. ಅಂತಹ ಮನೆಯ ಈಜುಕೊಳವನ್ನು ಯಾರೂ ನೋಡಿಕೊಳ್ಳದಿದ್ದರೆ ಅದು ಆ ಮನೆಯವರ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ನೆರೆಮನೆಯ ಮಗು, ಪಕ್ಕದ ಬಾವಿ, ವಾರ್ಡಿನ ಆರೋಗ್ಯ ಎಲ್ಲವೂ ಅದಕ್ಕೆ ಸಂಬಂಧಪಡುತ್ತವೆ. ಆದ್ದರಿಂದ ಗ್ರಾಮ ಪಂಚಾಯತ್ ಸದಸ್ಯರು ಈ ವಿಷಯದ ತಾಂತ್ರಿಕ ಅಂಶಗಳನ್ನು ತಿಳಿದಿರುವುದು ಉಪಯುಕ್ತ.

ನಮ್ಮ ಋತುಮಾನದ ಭಿನ್ನತೆ

ಶೀತ ದೇಶಗಳಲ್ಲಿ ಶರತ್ಕಾಲದಲ್ಲಿ ಈಜುಕೊಳವನ್ನು ಮುಚ್ಚುತ್ತಾರೆ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗಿ ಕೊಳವೆಗಳನ್ನು ಸೀಳುತ್ತದೆ. ಈ ಕಾರಣದಿಂದ ಅಲ್ಲಿ ಕೊಳವೆಗಳ ನೀರನ್ನು ಬಸಿದು, ಕೊಳದ ಮಟ್ಟವನ್ನು ತಗ್ಗಿಸಿ, ಮೇಲೆ ಹೊದಿಕೆ ಹಾಕಿ, ವಸಂತದವರೆಗೆ ಬಿಟ್ಟುಬಿಡುವುದು ಕ್ರಮ. ನಮ್ಮ ಕರಾವಳಿಯ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಪ್ರಶ್ನೆಯೇ ಇಲ್ಲ. ಇಲ್ಲಿ ನವರಾತ್ರಿಯಿಂದ ಶಿವರಾತ್ರಿಯವರೆಗಿನ ಅವಧಿಯಲ್ಲಿ ನೀರು ಬೆಚ್ಚಗೇ ಇರುತ್ತದೆ. ಪಾಚಿ, ಸೊಳ್ಳೆ, ಸೂಕ್ಷ್ಮಾಣುಗಳು ಯಾವ ತಿಂಗಳಲ್ಲಿಯೂ ಬೆಳೆಯಬಲ್ಲವು. ಹೀಗಾಗಿ ಹೊದಿಕೆ ಹಾಕಿ ಮರೆತುಬಿಡುವ ಪದ್ಧತಿ ನಮಗೆ ಹೊಂದುವುದಿಲ್ಲ. ನಮ್ಮಲ್ಲಿ ಕೊಳವನ್ನು ಬಳಸದಿದ್ದರೂ ನಿರ್ವಹಿಸಲೇಬೇಕು.

ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆಯಾಗುತ್ತದೆ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳದ ಕೊಳ ಹಿಡಿಯುವ ನೀರು 40,000 ಲೀಟರ್. ಇದರ ಮೇಲೆ ನೇರವಾಗಿ ಬೀಳುವ ಮಳೆನೀರು ವರ್ಷಕ್ಕೆ ಕೊಳದ ಸಾಮರ್ಥ್ಯದ 3 ಪಟ್ಟಿಗೂ ಹೆಚ್ಚು. ಅಂದರೆ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ, ನಡುವೆ ಕ್ಲೋರಿನ್ ಹಾಕದ ಕೊಳದಲ್ಲಿ ಉಳಿದಿರುವುದು ಬರಿಯ ಮಳೆನೀರು, ತರಗೆಲೆ ಮತ್ತು ಕೆಸರು.

ಖಾಲಿ ಮಾಡುವ ಆತುರ ಸಲ್ಲದು

ಹಸಿರುಗಟ್ಟಿದ ನೀರನ್ನು ಕಂಡೊಡನೆ ಪಂಪು ಹಚ್ಚಿ ಕೊಳವನ್ನು ಬರಿದು ಮಾಡುವುದು ಸಾಮಾನ್ಯ. ಅಕ್ಟೋಬರ್ ತಿಂಗಳಲ್ಲಿ ಇದು ಅಪಾಯಕಾರಿ. ಮುರಕಲ್ಲಿನ ಹಾಗೂ ಕಡಲ ಬದಿಯ ಮರಳು ನೆಲದಲ್ಲಿ ಆಗ ಅಂತರ್ಜಲ ಬಹಳ ಮೇಲಿರುತ್ತದೆ. ಕೊಳದ ತಳಕ್ಕಿಂತ 1 ಮೀಟರ್ ಮೇಲೆ ಅಂತರ್ಜಲವಿದ್ದರೆ, ಅದು ಪ್ರತಿ ಚದರ ಮೀಟರ್ ತಳವನ್ನು 1000 ಕಿಲೋಗ್ರಾಂ ಭಾರದಷ್ಟು ಒತ್ತಡದಿಂದ ಮೇಲಕ್ಕೆ ಎತ್ತುತ್ತದೆ. 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ತಳದ ಸ್ವಂತ ತೂಕ ಚದರ ಮೀಟರಿಗೆ ಸುಮಾರು 375 ಕಿಲೋಗ್ರಾಂ ಮಾತ್ರ. ಒಳಗಿನ ನೀರಿನ ಭಾರ ಇಲ್ಲವಾದರೆ ತಳ ಬಿರುಕು ಬಿಡಬಹುದು. ಫೈಬರ್ ಕೊಳವಾದರೆ ನೆಲದಿಂದ ಮೇಲೇಳಲೂಬಹುದು.

ಇದನ್ನು ಅರಿಯಲು ಸುಲಭ ಮಾರ್ಗವೆಂದರೆ ಅದೇ ಹಿತ್ತಲಿನ ಬಾವಿಯನ್ನು ನೋಡುವುದು. ಬಾವಿಯ ನೀರಿನ ಮಟ್ಟ ಕೊಳದ ತಳಕ್ಕಿಂತ ಮೇಲಿರುವವರೆಗೂ ಕೊಳವನ್ನು ಬರಿದು ಮಾಡಬಾರದು. ದುರಸ್ತಿ ಅನಿವಾರ್ಯವಾದರೆ ಬಾವಿಯ ಮಟ್ಟ ಇಳಿದ ಮೇಲೆ ಕೈಗೊಳ್ಳಬೇಕು.

ನೀರಿನ ಉಳಿತಾಯದ ದೃಷ್ಟಿಯಿಂದಲೂ ಇದು ಮುಖ್ಯ. ಜಲ ಜೀವನ್ ಮಿಷನ್ ಯೋಜನೆಯ ಪ್ರಮಾಣ ಒಬ್ಬರಿಗೆ ದಿನಕ್ಕೆ 55 ಲೀಟರ್. 40,000 ಲೀಟರ್ ನೀರು 5 ಮಂದಿಯ ಕುಟುಂಬಕ್ಕೆ ಸುಮಾರು 145 ದಿನಗಳ ಪಾಲು. ಮಳೆ ತುಂಬಿಕೊಟ್ಟ ನೀರನ್ನು ಅಕ್ಟೋಬರಿನಲ್ಲಿ ಚೆಲ್ಲಿ, ಬೇಸಿಗೆಯಲ್ಲಿ ಬಾವಿಯಿಂದಲೋ ಟ್ಯಾಂಕರಿನಿಂದಲೋ ಮತ್ತೆ ತುಂಬಿಸುವುದಕ್ಕಿಂತ ಇರುವ ನೀರನ್ನು ಶುದ್ಧಗೊಳಿಸುವುದು ಲೇಸು.

ನೀರನ್ನು ಸರಿಪಡಿಸುವ ಕ್ರಮ

ಮೊದಲು ತರಗೆಲೆ, ಕೆಸರನ್ನು ಬಲೆಯಿಂದ ತೆಗೆದು, ಗೋಡೆ ಮತ್ತು ತಳವನ್ನು ಉಜ್ಜಿ, ಫಿಲ್ಟರನ್ನು ತೊಳೆಯಬೇಕು. ಅನಂತರ ಪಿ.ಎಚ್. ಪರೀಕ್ಷಿಸಬೇಕು. ಮುರಕಲ್ಲು ಪ್ರದೇಶದ ಬಾವಿನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯ. ಪಿ.ಎಚ್. 7.2ಕ್ಕಿಂತ ಕಡಿಮೆಯಿದ್ದರೆ ಸೋಡಾ ಆ್ಯಶನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ 7.2ರಿಂದ 7.8ರ ನಡುವೆ ತರಬೇಕು.

ಕ್ಲೋರಿನ್ ಹಾಕುವುದು ಇದಾದ ಮೇಲೆ. ಹೊಸ ಬ್ಲೀಚಿಂಗ್ ಪೌಡರಿನಲ್ಲಿ 30 ಶೇಕಡಾಕ್ಕೂ ಮೇಲ್ಪಟ್ಟು ಕ್ಲೋರಿನ್ ಇರುತ್ತದೆ. ನಮ್ಮ ತೇವದ ಹವೆಯಲ್ಲಿ ತೆರೆದಿಟ್ಟರೆ ಬೇಗನೆ ಶಕ್ತಿಗುಂದುತ್ತದೆ. 40,000 ಲೀಟರಿನ ಹಸಿರುಗಟ್ಟಿದ ಕೊಳಕ್ಕೆ ಒಮ್ಮೆ ಲೀಟರಿಗೆ 10 ಮಿಲಿಗ್ರಾಂನಂತೆ ಕ್ಲೋರಿನ್ ನೀಡಲು ಸುಮಾರು 1.3 ಕಿಲೋಗ್ರಾಂ ಪೌಡರ್ ಬೇಕು. ಅದನ್ನು ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನು ಮಾತ್ರ ಸುರಿಯಬೇಕು. ಬಿಸಿಲು ಕ್ಲೋರಿನನ್ನು ಕುಗ್ಗಿಸುವುದರಿಂದ ಸಂಜೆಯ ನಂತರ ಹಾಕಿ, ರಾತ್ರಿ ಪಂಪನ್ನು ನಡೆಸುವುದು ಸೂಕ್ತ. ಬ್ಲೀಚಿಂಗ್ ಪೌಡರನ್ನು ಆ್ಯಸಿಡ್ ಜೊತೆ ಎಂದಿಗೂ ಸೇರಿಸಬಾರದು. ಹೊರಡುವ ಅನಿಲ ಪ್ರಾಣಾಪಾಯಕಾರಿ.

ಉಳಿಕೆ ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ ಮಟ್ಟಕ್ಕೆ ಬಂದು, ಕೊಳದ ಅತ್ಯಂತ ಆಳದ ತಳ ದಡದಿಂದ ಸ್ಪಷ್ಟವಾಗಿ ಕಾಣುವವರೆಗೆ ಯಾರೂ ನೀರಿಗಿಳಿಯಬಾರದು. 2024 ಮತ್ತು 2025ರಲ್ಲಿ ನೆರೆಯ ಕೇರಳದಲ್ಲಿ ಅಮೀಬಾದಿಂದ ಬರುವ ಮಿದುಳಿನ ಸೋಂಕಿಗೆ ಮಕ್ಕಳೂ ಸೇರಿ ಹಲವರು ಬಲಿಯಾದರು. ಬೆಚ್ಚಗಿನ ಸಿಹಿನೀರಿನಲ್ಲಿರುವ ಈ ಅಮೀಬಾ ಮೂಗಿನ ಮೂಲಕ ದೇಹವನ್ನು ಸೇರುತ್ತದೆ. ಕ್ಲೋರಿನ್ ಮಟ್ಟವನ್ನು ಕಾಯ್ದುಕೊಳ್ಳುವುದೇ ಇದಕ್ಕೆ ಮುಖ್ಯ ರಕ್ಷಣೆ.

ಬೀಗ ಹಾಕಿದ ಮನೆಯ ಕೊಳ

ಮೊಟ್ಟೆಯಿಂದ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ 7ರಿಂದ 10 ದಿನಗಳು ಸಾಕು. ಆದ್ದರಿಂದ ಮನೆಯವರು ಊರು ಬಿಡುವ ಮುನ್ನ ಎರಡರಲ್ಲಿ ಒಂದನ್ನು ನಿರ್ಧರಿಸಬೇಕು. ಮೊದಲನೆಯದು, ವಾರಕ್ಕೊಮ್ಮೆಯಾದರೂ ಕ್ಲೋರಿನ್ ಪರೀಕ್ಷಿಸಿ ಹಾಕಲು, ನಿತ್ಯ ಪಂಪು ನಡೆಸಲು ಜವಾಬ್ದಾರಿಯುತ ವ್ಯಕ್ತಿಯನ್ನು ನೇಮಿಸುವುದು. ಎರಡನೆಯದು, ಕ್ಲೋರಿನ್ ಪೂರ್ಣ ನಿಲ್ಲಿಸಿ, ಆರೋಗ್ಯ ಇಲಾಖೆಯ ಸಲಹೆಯಂತೆ ಲಾರ್ವಾ ತಿನ್ನುವ ಗಪ್ಪಿ ಅಥವಾ ಗಂಬೂಸಿಯಾ ಮೀನುಗಳನ್ನು ಬಿಡುವುದು. ಕ್ಲೋರಿನ್ ಇರುವ ನೀರಿನಲ್ಲಿ ಮೀನು ಬದುಕದು. ಈ ಮೀನುಗಳು ತೋಡು, ಹೊಳೆಗಳಿಗೆ ಸೇರಿದರೆ ನಾಡಿನ ಮೀನುಗಳಿಗೆ ಹಾನಿಯಾಗುವುದರಿಂದ ಕೊಳದಿಂದ ಹೊರಹೋಗದಂತೆ ಎಚ್ಚರ ವಹಿಸಬೇಕು.

ಟಾರ್ಪಾಲು ಹೊದಿಸುವುದನ್ನು ಹಲವರು ಸುರಕ್ಷಿತವೆಂದು ಭಾವಿಸುತ್ತಾರೆ. ಅದರ ಮೇಲೆ ನಿಂತ ಮಳೆನೀರಿನಲ್ಲೇ ಸೊಳ್ಳೆ ಬೆಳೆಯುತ್ತದೆ. ತರಗೆಲೆ ಬಿದ್ದ ಟಾರ್ಪಾಲು ಮಗುವಿನ ಕಣ್ಣಿಗೆ ನೆಲದಂತೆ ಕಾಣುತ್ತದೆ. ಕಾಲಿಟ್ಟರೆ ಮಗುವನ್ನು ಸುತ್ತಿಕೊಂಡು ಮುಳುಗುತ್ತದೆ. ಸುತ್ತಲೂ ಕನಿಷ್ಠ 4 ಅಡಿ ಎತ್ತರದ, ಹತ್ತಲಾಗದ ಬೇಲಿ ಮತ್ತು ತಾನಾಗಿ ಮುಚ್ಚಿಕೊಳ್ಳುವ ಗೇಟು ಇದಕ್ಕಿಂತ ಉತ್ತಮ ರಕ್ಷಣೆ. ಪಂಪಿನ ವಿದ್ಯುತ್ ಸಂಪರ್ಕಕ್ಕೆ ಸೋರಿಕೆ ತಡೆಯುವ ಬ್ರೇಕರ್ ಇರಲೇಬೇಕು.

ಕೊಳದ ಅವಘಡ ಬೇಸಿಗೆಗೆ ಸೀಮಿತವಲ್ಲ. 2024ರ ನವೆಂಬರ್ 17ರಂದು ಮಂಗಳೂರು ಸಮೀಪದ ಸೋಮೇಶ್ವರ ಉಚ್ಚಿಲದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮೃತಪಟ್ಟರು. ಒಬ್ಬರು ಆಳಕ್ಕೆ ಸಿಲುಕಿದಾಗ ರಕ್ಷಿಸಲು ಹೋದ ಉಳಿದವರೂ ಮುಳುಗಿದರು. ಆಳವನ್ನು ತಿಳಿಸುವ ಫಲಕ, ದಡದಿಂದ ಚಾಚಬಲ್ಲ ಉದ್ದ ಕೋಲು, ಹಗ್ಗ ಕಟ್ಟಿದ ಟ್ಯೂಬು ಪ್ರತಿ ಕೊಳದ ಬದಿಯಲ್ಲೂ ಇರಬೇಕಾದುದು ಏಕೆಂಬುದನ್ನು ಈ ದುರಂತ ತಿಳಿಸುತ್ತದೆ.

ಹೊರಬಿಡುವ ನೀರು

ಅಕ್ಟೋಬರ್‌, ನವೆಂಬರ್‌ ತಿಂಗಳುಗಳಲ್ಲಿ ಬೈಲಿನ ಗದ್ದೆಗಳಲ್ಲಿ ಸುಗ್ಗಿ ಬೆಳೆಯ ಸಿದ್ಧತೆ ನಡೆದಿರುತ್ತದೆ. ಕ್ಲೋರಿನ್ ಇರುವ ನೀರನ್ನು ತೋಡಿಗಾಗಲಿ ಗದ್ದೆಗಾಗಲಿ ಬಿಡಬಾರದು. ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ ಕೆಲವು ದಿನ ಬಿಸಿಲಿಗೆ ಬಿಟ್ಟು, ಪರೀಕ್ಷೆಯಲ್ಲಿ ಕ್ಲೋರಿನ್ ಶೂನ್ಯವೆಂದು ಖಚಿತವಾದ ಮೇಲೆ, ಬಾವಿಗಳಿಂದ ದೂರದಲ್ಲಿ, ಸ್ವಂತ ತೋಟಕ್ಕೆ ನಿಧಾನವಾಗಿ ಹರಿಸಬೇಕು. ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರವುಳ್ಳ ಕೊಳದಲ್ಲಿ ಲೀಟರಿಗೆ ಸುಮಾರು 3 ಗ್ರಾಂ ಉಪ್ಪಿರುತ್ತದೆ. 40,000 ಲೀಟರಿನಲ್ಲಿ ಅದು 120 ಕಿಲೋಗ್ರಾಂ. ಈ ಉಪ್ಪು ಬಿಸಿಲಿಗೆ ಹೋಗುವಂತಹುದಲ್ಲ. ಉಪ್ಪುನೀರಿನ ತೊಂದರೆ ಕಾಣುವ ಕಡಲ ಬದಿಯ ಬಾವಿಗಳ ನಡುವೆ ಇಂತಹ ನೀರನ್ನು ನೆಲಕ್ಕೆ ಬಿಡುವುದು ಸರ್ವಥಾ ಸಲ್ಲದು.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಸೆಪ್ಟೆಂಬರ್ ಕೊನೆಯ ವಾರದೊಳಗೆ ತಮ್ಮ ವಾರ್ಡಿನ ಈಜುಕೊಳಗಳ ಪಟ್ಟಿಯನ್ನು, ಬೀಗ ಹಾಕಿದ ಮನೆಗಳನ್ನು ಪ್ರತ್ಯೇಕವಾಗಿ ಗುರುತಿಸಿ, ಸಿದ್ಧಪಡಿಸುವುದು. ಪ್ರತಿ ಕೊಳಕ್ಕೂ ಊರಿನಲ್ಲೇ ಇರುವ ಒಬ್ಬ ಹೊಣೆಗಾರರ ಹೆಸರನ್ನು ಮಾಲೀಕರಿಂದ ಪಡೆಯುವುದು. ಕುಡಿಯುವ ನೀರಿನ ಪರೀಕ್ಷೆಗೆಂದು ಪಂಚಾಯತ್‌ನಲ್ಲಿರುವ ಕ್ಲೋರೋಸ್ಕೋಪನ್ನು ಬಳಸುವ ಬಗೆಯನ್ನು ಅವರಿಗೆ ತೋರಿಸಿಕೊಡುವುದು. ಸೌಕರ್ಯ ಸಮಿತಿಯ ಸಭೆಯಲ್ಲಿ ಆಶಾ ಕಾರ್ಯಕರ್ತೆಯರ ವರದಿಯೊಂದಿಗೆ ಈ ಪಟ್ಟಿಯನ್ನೂ ಪರಿಶೀಲಿಸುವುದು. ಮನೆ ನಿರ್ಮಾಣದ ಅರ್ಜಿಯ ನಕ್ಷೆಯಲ್ಲಿ ಈಜುಕೊಳವಿದ್ದರೆ ನೀರಿನ ಮೂಲ, ಹೊರಹರಿವು, ಬೇಲಿಯ ವಿವರ ಕೇಳುವುದು.

ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ರಾಜ್ಯ ಸರ್ಕಾರ 2024ರಲ್ಲಿ ಹೊರಡಿಸಿದ ನಿಯಮಗಳಂತೆ, ಸೊಳ್ಳೆ ಉತ್ಪತ್ತಿಗೆ ಅವಕಾಶ ನೀಡಿದಲ್ಲಿ ಗ್ರಾಮೀಣ ಪ್ರದೇಶದ ಮನೆಗಳಿಗೆ 200 ರೂಪಾಯಿ, ವಾಣಿಜ್ಯ ಸಂಸ್ಥೆಗಳಿಗೆ 500 ರೂಪಾಯಿ, ನಿರ್ಮಾಣ ಹಂತದ ಅಥವಾ ಪಾಳುಬಿಟ್ಟ ಸ್ಥಳಗಳಿಗೆ 1000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ಆದರೆ ದೂರದಲ್ಲಿರುವ ಮಾಲೀಕರಿಗೆ ದಂಡಕ್ಕಿಂತ ಮುಂಚಿತ ಸೂಚನೆಯೇ ಹೆಚ್ಚು ಫಲಕಾರಿ. ನವರಾತ್ರಿ, ದೀಪಾವಳಿಗೆ ಅವರು ಊರಿಗೆ ಬಂದಿರುವಾಗಲೇ ಭೇಟಿಯಾಗಿ, ಹೊರಡುವ ಮುನ್ನ ಕೊಳದ ವ್ಯವಸ್ಥೆಯನ್ನು ಖಚಿತಪಡಿಸಿಕೊಳ್ಳುವಂತೆ ಸದಸ್ಯರನ್ನು ಕೋರಲಾಗಿದೆ.