ಹಾದಿಗೆ ತಕ್ಕ ವೇಗ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಸಂಸಾರಿಗಳಿಗೆ ಬುದ್ಧಿ ಹೇಳಿದರು. ಹಣದ ವಿಷಯದಲ್ಲಿ ಈ ಮಾತನ್ನು ನೆನಪಿನಲ್ಲಿಟ್ಟು ನಡೆಯುವ ಗೃಹಸ್ಥರೂ ಮೋಟಾರು ಗಾಡಿಯನ್ನೇರಿದೊಡನೆ ಇದನ್ನು ಮರೆತುಬಿಡುವುದುಂಟು. ಹಾದಿ ಎಷ್ಟನ್ನು ತಾಳಬಲ್ಲುದೋ ಅಷ್ಟೇ ವೇಗವು ಸಲ್ಲತಕ್ಕದ್ದೆಂಬುದು ಸಂಸಾರದ ಆ ನೀತಿಯೇ ರಸ್ತೆಗೆ ಬಂದ ರೂಪವಲ್ಲದೆ ಬೇರೆಯಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಜನರಿಗೆ ಈ ವಿಷಯವು ಬಹಳ ಹತ್ತಿರದ್ದು. ಈ ಮೂರು ಪಟ್ಟಣಗಳಿಗೂ ರೈಲು ಬಂದಿಲ್ಲ. ಅಡಿಕೆಯ ಮೂಟೆ ಪೇಟೆಗೆ ಹೋಗುವುದೂ, ಮಕ್ಕಳು ಶಾಲೆಗೆ ಹೋಗುವುದೂ, ರೋಗಿಯನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುವುದೂ ರಸ್ತೆಯ ಮೇಲೆಯೇ. ಆದುದರಿಂದ ಯಾವ ರಸ್ತೆಯಲ್ಲಿ ಎಷ್ಟು ವೇಗ ಸಲ್ಲುವುದು, ಅದನ್ನು ಗೊತ್ತುಮಾಡುವವರು ಯಾರು, ಕಾನೂನು ಹೇಳುವ ಅಂಕೆಯೂ ರಸ್ತೆ ತಾಳುವ ಅಂಕೆಯೂ ಒಂದೆಯೇ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ರಸ್ತೆಗಳ ದರ್ಜೆ

ಎತ್ತಿನ ಗಾಡಿಯ ಕಾಲದಲ್ಲಿ ವೇಗಕ್ಕೆ ಮಿತಿ ಹಾಕುವ ಕಾರಣವೇ ಇರಲಿಲ್ಲ. ಎತ್ತಿನ ಉಸಿರೇ ಅದರ ಮಿತಿಯಾಗಿತ್ತು. ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟೆ, ಕಾರವಾರಗಳ ಬಂದರಿಗೆ ಸಾಗಿದ್ದು ಇಂತಹ ಗಾಡಿಗಳಲ್ಲಿಯೇ. ಯಂತ್ರವಾಹನವು ಬಂದ ಮೇಲೆ ಮಾತು ಬೇರೆಯಾಯಿತು. ಇಂಗ್ಲೆಂಡಿನಲ್ಲಿ 1865ರ ಕಾನೂನು ಇಂತಹ ವಾಹನಗಳಿಗೆ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ ಎಂದು ವಿಧಿಸಿ, ಕೆಂಪು ಬಾವುಟ ಹಿಡಿದವನೊಬ್ಬನು ಮುಂದೆ ನಡೆಯಬೇಕೆಂದಿತು. ಈಗ ಇದು ನಗೆ ತರಿಸಬಹುದು. ಆದರೂ ಸ್ಥಳಕ್ಕೆ ತಕ್ಕಂತೆ ವೇಗ ಬೇರೆಯಾಗಬೇಕೆಂಬ ತತ್ತ್ವವು ಆಗಲೇ ಕಾನೂನಿನಲ್ಲಿ ಸೇರಿತ್ತೆಂಬುದನ್ನು ವಾಚಕರು ಗಮನಿಸಬೇಕು.

ನಮ್ಮ ದೇಶದಲ್ಲಿ ರಸ್ತೆಗಳನ್ನು ಕ್ರಮಪಡಿಸುವ ಕೆಲಸವು 1927ರ ಜಯಕರ್ ಸಮಿತಿಯಿಂದ ಮೊದಲಾಯಿತು. 1934ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ಸು ಸ್ಥಾಪಿತವಾಯಿತು. 1943ರಲ್ಲಿ ಮುಖ್ಯ ಇಂಜಿನಿಯರರು ನಾಗಪುರದಲ್ಲಿ ಸಭೆ ಸೇರಿ ರಾಷ್ಟ್ರೀಯ ಹೆದ್ದಾರಿ, ಪ್ರಾಂತ ಹೆದ್ದಾರಿ, ಮುಖ್ಯ ಜಿಲ್ಲಾ ರಸ್ತೆ, ಇತರ ಜಿಲ್ಲಾ ರಸ್ತೆ, ಗ್ರಾಮ ರಸ್ತೆ ಎಂದು ಐದು ದರ್ಜೆಗಳನ್ನು ಮಾಡಿದರು. ಪ್ರಾಂತ ಹೆದ್ದಾರಿಯೇ ಈಗಿನ ರಾಜ್ಯ ಹೆದ್ದಾರಿ. ದಾರಿಯ ಬದಿಯ ಕಿಲೋಮೀಟರು ಕಲ್ಲಿನ ತಲೆಯ ಬಣ್ಣದಿಂದ ದರ್ಜೆಯನ್ನು ತಿಳಿಯಬಹುದು: ಹಳದಿಯಾದರೆ ರಾಷ್ಟ್ರೀಯ, ಹಸುರಾದರೆ ರಾಜ್ಯ, ಕಿತ್ತಳೆಯಾದರೆ ಗ್ರಾಮ ರಸ್ತೆ. ಪಯಣದಲ್ಲಿ ಬೇಸರಗೊಂಡ ಮಕ್ಕಳಿಗೆ ಇದೊಂದು ಒಳ್ಳೆಯ ಪಾಠ.

ನಮ್ಮ ಮೂರು ತಾಲೂಕುಗಳಲ್ಲಿ ಈ ದರ್ಜೆಗಳೆಲ್ಲವೂ ಸಿಕ್ಕುವುವು. ಅಂಕೋಲೆಯಿಂದ ಅರಬೈಲು ಘಟ್ಟವೇರಿ ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗುವುದು 52ನೆಯ ರಾಷ್ಟ್ರೀಯ ಹೆದ್ದಾರಿ. ಕುಮಟೆಯಿಂದ ದೇವಿಮನೆ ಘಟ್ಟವೇರಿ ಶಿರಸಿಯ ಮೇಲೆ ಹಾವೇರಿಗೆ ಹೋಗುವುದು 766-ಇ. ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟವೇರಿ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯನ್ನು ಹಾಯುವುದು 69. ತಾಳಗುಪ್ಪದಿಂದ ಖಾನಾಪುರಕ್ಕೆ ಹೋಗುವ ರಾಜ್ಯ ಹೆದ್ದಾರಿಯು ಸಿದ್ದಾಪುರ, ಶಿರಸಿ, ಯಲ್ಲಾಪುರಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಇವುಗಳಿಂದ ಕವಲೊಡೆದ ಜಿಲ್ಲಾ ರಸ್ತೆಗಳೂ, ಅವುಗಳಿಂದ ಒಡೆದು ತೋಟದ ಅಂಚಿನ ಮನೆಯಂಗಳದವರೆಗೆ ಬರುವ ಗ್ರಾಮ ರಸ್ತೆಗಳೂ ಲೆಕ್ಕವಿಲ್ಲದಷ್ಟು.

ಕಾನೂನಿನ ಅಂಕೆ

ಇಷ್ಟು ದರ್ಜೆಗಳಿದ್ದ ಮೇಲೆ ಒಂದೊಂದಕ್ಕೂ ಒಂದೊಂದು ವೇಗಮಿತಿ ಇರಬಹುದೆಂದು ತೋರುವುದು ಸಹಜ. ಆದರೆ ಕಾನೂನಿನ ಲೆಕ್ಕ ಬೇರೆ. 1988ರ ಮೋಟಾರು ವಾಹನ ಕಾಯಿದೆಯ 112ನೆಯ ಕಲಮಿನಂತೆ ಕೇಂದ್ರ ಸರಕಾರವು 2018ರ ಏಪ್ರಿಲ್ 6ರಂದು ಹೊರಡಿಸಿದ ಅಧಿಸೂಚನೆಯು ರಸ್ತೆಗಳನ್ನು ನಾಲ್ಕೇ ಗುಂಪು ಮಾಡಿತು. ಎಕ್ಸ್‌ಪ್ರೆಸ್ ಮಾರ್ಗ ಒಂದು. ನಡುವೆ ವಿಭಜಕವುಳ್ಳ ನಾಲ್ಕು ಅಥವಾ ಹೆಚ್ಚು ಸಾಲಿನ ರಸ್ತೆ ಎರಡು. ಪುರಸಭೆಯ ಮೇರೆಯೊಳಗಿನ ರಸ್ತೆ ಮೂರು. ಉಳಿದುದೆಲ್ಲವೂ 'ಇತರ ರಸ್ತೆ'. ಮನೆಬಳಕೆಯ ಕಾರುಗಳಿಗೆ ಗಂಟೆಗೆ ಕ್ರಮವಾಗಿ 120, 100, 70, 70 ಕಿಲೋಮೀಟರು, ಬಸ್ಸುಗಳಿಗೆ 100, 90, 60, 60, ಸರಕಿನ ಲಾರಿಗಳಿಗೆ 80, 80, 60, 60, ಮೋಟಾರು ಸೈಕಲ್ಲಿಗೆ ಪುರಸಭೆಯ ಮೇರೆಯಲ್ಲಿಯೂ ಇತರ ರಸ್ತೆಯಲ್ಲಿಯೂ 60, ಆಟೋರಿಕ್ಷಾಗಳಿಗೆ 50. ಇವು ಮೀರಬಾರದ ಅಂಕೆಗಳೇ ಹೊರತು ಮುಟ್ಟಲೇಬೇಕಾದ ಅಂಕೆಗಳಲ್ಲ.

ಇದರ ಪರಿಣಾಮವನ್ನು ನೋಡಿರಿ. ಎರಡು ಸಾಲಿನ ಘಟ್ಟದ ರಾಷ್ಟ್ರೀಯ ಹೆದ್ದಾರಿಯೂ 'ಇತರ ರಸ್ತೆ'. ಬೇಡ್ತಿ ಸೇತುವೆಯನ್ನು ದಾಟುವ ಶಿರಸಿ–ಯಲ್ಲಾಪುರ ರಸ್ತೆಯೂ 'ಇತರ ರಸ್ತೆ'. ಒಂದೇ ಗಾಡಿ ಹಿಡಿಸುವ ತೋಟದ ದಾರಿಯೂ 'ಇತರ ರಸ್ತೆ'. ಬೇರೆ ಫಲಕವಿಲ್ಲದ ಪಕ್ಷದಲ್ಲಿ ಮೂರಕ್ಕೂ ಕಾರಿನ ಮಿತಿ 70. ಬಯಲಿನ ನೇರ ದಾರಿಗೂ ದೇವಿಮನೆಯ ತಿರುವಿಗೂ ಒಂದೇ ಅಂಕೆಯೆಂದರೆ, ಆ ಅಂಕೆಯನ್ನೇ ನಂಬಿ ಓಡಿಸುವವನ ಗತಿ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕೆಂದಿಲ್ಲ.

ಹಾದಿಯ ಅಂಕೆ

ಇಂಜಿನಿಯರರು ರಸ್ತೆಯನ್ನು ಗೆರೆಯಿಡುವ ಮೊದಲೇ ಒಂದು ವೇಗವನ್ನು ನಿಶ್ಚಯಿಸಿಕೊಂಡು, ಅದಕ್ಕೆ ತಕ್ಕಂತೆ ತಿರುವಿನ ಸುತ್ತನ್ನೂ ಓರೆಯನ್ನೂ ಏರನ್ನೂ ಅಳೆಯುತ್ತಾರೆ. ಅದಕ್ಕೆ ವಿನ್ಯಾಸವೇಗವೆಂದು ಹೆಸರು. ರಸ್ತೆ ಕಾಂಗ್ರೆಸ್ಸು 1980ರಲ್ಲಿ ಪ್ರಕಟಿಸಿದ ಪ್ರಮಾಣಗಳಲ್ಲಿ ಈ ವೇಗವು ದರ್ಜೆ ಮತ್ತು ನೆಲದ ಇಳಿಜಾರು ಎಂಬ ಎರಡನ್ನೂ ಹಿಡಿದು ಬದಲಾಗುತ್ತಿತ್ತು. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಗೆ ಬಯಲಿನಲ್ಲಿ 100, ಏರಿಳಿತದ ನೆಲದಲ್ಲಿ 80, ಬೆಟ್ಟದಲ್ಲಿ 50, ಕಡಿದಾದ ಬೆಟ್ಟದಲ್ಲಿ 40. ಮುಖ್ಯ ಜಿಲ್ಲಾ ರಸ್ತೆಗೆ ಇದೇ ಕ್ರಮದಲ್ಲಿ 80, 65, 40, 30. ಗ್ರಾಮ ರಸ್ತೆಗೆ 50, 40, 25, 25. ಮುಂದೆ ಕೆಲವು ಅಂಕೆಗಳು ಪರಿಷ್ಕಾರಗೊಂಡರೂ, ದರ್ಜೆ ಇಳಿದಂತೆ, ನೆಲ ಕಡಿದಾದಂತೆ ವೇಗವೂ ಇಳಿಯಬೇಕೆಂಬ ತತ್ತ್ವವು ಬದಲಾಗಿಲ್ಲ.

ಹೀಗೆ ಕಾನೂನು 70 ಎನ್ನುವಲ್ಲಿ ಹಾದಿಯು 40 ಎನ್ನುವುದು. ಇನ್ನೊಂದೆಡೆ 25 ಎನ್ನುವುದು. ಎರಡರಲ್ಲಿ ಚಿಕ್ಕದಾದ ಅಂಕೆಯೇ ನಮಗೆ ಪ್ರಮಾಣವೆಂದು ಇಟ್ಟುಕೊಂಡವನು ಕೆಡುವುದಿಲ್ಲ.

ಇದಕ್ಕೆ ಕಾರಣ ನಮ್ಮ ಕಣ್ಣು. ಎದುರಿನ ಅಡ್ಡಿಯನ್ನು ಕಂಡು ಮನಸ್ಸು ಎಚ್ಚೆತ್ತು ಕಾಲು ಬ್ರೇಕನ್ನು ಮೆಟ್ಟುವಷ್ಟರಲ್ಲಿ ಎರಡೂವರೆ ಸೆಕೆಂಡು ಕಳೆಯುವುದೆಂದು ಇಂಜಿನಿಯರರ ಲೆಕ್ಕ. ಗಂಟೆಗೆ 36 ಕಿಲೋಮೀಟರಿನ ಗಾಡಿ ಅಷ್ಟರಲ್ಲಿ 25 ಮೀಟರು ಸಾಗಿರುತ್ತದೆ. 72ರ ಗಾಡಿ 50 ಮೀಟರು. ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರವಂತೂ ವೇಗ ಇಮ್ಮಡಿಯಾದರೆ ನಾಲ್ಮಡಿಯಾಗುವುದು. ಎರಡನ್ನೂ ಕೂಡಿಸಿ, ಗಾಡಿ ಸುರಕ್ಷಿತವಾಗಿ ನಿಲ್ಲಬೇಕಾದರೆ ಎದುರಿಗೆ ಕಾಣಬೇಕಾದ ದೂರವು 30ರ ವೇಗಕ್ಕೆ 30 ಮೀಟರು, 40ಕ್ಕೆ 45, 60ಕ್ಕೆ 80, 80ಕ್ಕೆ 120 ಎಂದು ಗೊತ್ತುಮಾಡಿದ್ದಾರೆ. ಒಂದೇ ಸಾಲಿನ ದಾರಿಯಲ್ಲಿ ಎದುರಿನ ಗಾಡಿಯೂ ನಿಲ್ಲಬೇಕಾದುದರಿಂದ ಇದು ಇಮ್ಮಡಿಯಾಗುವುದು. ತೋಟದ ಬೇಲಿಯೂ ಮಣ್ಣಿನ ಧರೆಯೂ ಮರೆಮಾಡಿದ ತಿರುವಿನಲ್ಲಿ ಮೂವತ್ತು ಮೀಟರು ಕಂಡರೆ ಹೆಚ್ಚು. ಅಲ್ಲಿ 40ರಲ್ಲಿ ಹೋಗುವವನು ಎದುರಿನ ಮೋಟಾರು ಸೈಕಲ್ಲಿನವನ ಪ್ರಾಣವನ್ನು ದೈವಕ್ಕೆ ಬಿಟ್ಟಂತಾಯಿತು. ಮಳೆಗಾಲದ ಮಂಜು, ಪಾಚಿಗಟ್ಟಿದ ಅಂಚು, ತೊಯ್ದ ಡಾಂಬರು ಇವೆಲ್ಲವೂ ಸೇರಿದಾಗ ಈ ಲೆಕ್ಕವೂ ಸಾಲದು.

2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ನಡೆದುದನ್ನು ಈ ಸೀಮೆಯವರು ಮರೆತಿರಲಾರರು. ಸವಣೂರಿನಿಂದ ಕುಮಟೆಯ ಸಂತೆಗೆ ಹಣ್ಣು-ತರಕಾರಿಗಳನ್ನೂ ವ್ಯಾಪಾರಿಗಳನ್ನೂ ಹೊತ್ತು ಹೊರಟ ಲಾರಿ ಕಂದರಕ್ಕೆ ಉರುಳಿ ಹತ್ತು ಮಂದಿ ಮಡಿದರು. ಇನ್ನೊಂದು ವಾಹನಕ್ಕೆ ದಾರಿ ಬಿಡುವಾಗ ಲಾರಿಯು ಎಡಕ್ಕೆ ಸರಿದು ಅಂಚು ದಾಟಿತೆಂದು ಪೊಲೀಸರು ತಿಳಿಸಿದರು. ಆ ಸ್ಥಳದಲ್ಲಿ ತಡೆಗೋಡೆ ಇರಲಿಲ್ಲ. ಬಯಲಿನಲ್ಲಿ ಒಂದೆರಡು ಮೊಳ ತಪ್ಪಿದ ಗಾಡಿಯು ಹೊಲಕ್ಕಿಳಿಯುವುದು; ಘಟ್ಟದಲ್ಲಿ ಅಷ್ಟೇ ತಪ್ಪಿಗೆ ಹತ್ತು ಮನೆಗಳ ದೀಪ ಆರುವುದು. ಹಾದಿ ಕಿರಿದಾದಲ್ಲಿ ಇಳಿಯುವ ಗಾಡಿಯು ಬದಿಗೆ ನಿಂತು, ಏರುವ ಗಾಡಿಗೆ ಮೊದಲು ದಾರಿ ಕೊಡತಕ್ಕದ್ದೆಂಬ ನಿಯಮವಿರುವುದು ಇದಕ್ಕಾಗಿಯೇ. ವೇಗನಿಯಂತ್ರಕ ಯಂತ್ರವಿದೆಯಲ್ಲವೇ ಎಂದು ಕೆಲವರು ಕೇಳಬಹುದು. ಬಹುತೇಕ ಭಾರವಾಹನಗಳಲ್ಲಿ ಅದು 80ಕ್ಕೂ ಶಾಲಾ ಬಸ್ಸುಗಳಲ್ಲಿ 60ಕ್ಕೂ ಕಟ್ಟಿದ ಯಂತ್ರ. ಮೂವತ್ತೇ ಹೆಚ್ಚಾಗುವ ತಿರುವಿನಲ್ಲಿ ಅದರ ಉಪಯೋಗವೇನು?

ಊರೊಳಗಿನ ಮಾತು

ಪೇಟೆಯ ಬೀದಿಗಳಲ್ಲಿ ಕಂದರವಿಲ್ಲ, ಆದರೆ ಜನರಿದ್ದಾರೆ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬೆಯ ಜಾತ್ರೆಯ ದಿನಗಳಲ್ಲಿ ಜನರಿಲ್ಲದ ಜಾಗವೇ ಇರುವುದಿಲ್ಲ. ನಡೆಯುವವರೂ ವಾಹನಗಳೂ ಕೂಡಿ ಬಳಸುವ ಬೀದಿಗಳಲ್ಲಿ ವೇಗವು 30ನ್ನು ಮೀರಬಾರದೆಂದು 2020ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ಜಾಗತಿಕ ಸಮ್ಮೇಳನವು ಘೋಷಿಸಿತು. ನಮ್ಮ ಅಧಿಸೂಚನೆಯ 70ಕ್ಕೂ ಆ 30ಕ್ಕೂ ನಡುವೆ ಇರುವ ಅಂತರವನ್ನು, ಶಾಲೆಗೆ ಮಗುವನ್ನು ಕಳುಹಿಸುವ ತಾಯಿಯು ಅಳೆದು ನೋಡಲಿ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದೂ, ಅವರಲ್ಲಿ ನೂರಕ್ಕೆ 71 ಮಂದಿಯ ಸಾವಿಗೆ ಅತಿವೇಗವೇ ಕಾರಣವೆಂದೂ ಕೇಂದ್ರ ಸರಕಾರದ ವರದಿಯೇ ಹೇಳಿತು.

ನಾವು ಮಾಡತಕ್ಕದ್ದು

ಈ ಅಂತರವನ್ನು ತುಂಬಲು ಕಾನೂನಿನಲ್ಲಿಯೇ ದಾರಿಯಿದೆ. ರಸ್ತೆಯ ಅಥವಾ ಸೇತುವೆಯ ಸ್ವರೂಪವನ್ನು ನೋಡಿಯೋ, ಜನರ ಕ್ಷೇಮಕ್ಕಾಗಿಯೋ ರಾಜ್ಯ ಸರಕಾರವೂ ಅದು ಅಧಿಕಾರ ಕೊಟ್ಟವರೂ ಅಧಿಸೂಚನೆಯ ಮೂಲಕ ಕಡಿಮೆ ಮಿತಿಯನ್ನು ಗೊತ್ತುಮಾಡಿ ಫಲಕ ನೆಡಬಹುದೆಂದು 112ನೆಯ ಕಲಮೇ ಹೇಳುತ್ತದೆ. ಒಂದು ತಿಂಗಳಿಗೆ ಮೀರದ ನಿರ್ಬಂಧಕ್ಕೆ ರಾಜ್ಯಪತ್ರದ ಪ್ರಕಟಣೆಯೂ ಬೇಡ. ಜಾತ್ರೆಯ ದಿನಗಳಿಗೆ ಇದು ಹೇಳಿಮಾಡಿಸಿದಂತಿದೆ. ಯಾವ ತಿರುವಿನಲ್ಲಿ ಮೇಲಿಂದ ಮೇಲೆ ಗಾಡಿಗಳು ಉರುಳುವುವು, ಯಾವ ಶಾಲೆಯ ಮುಂದೆ ಮಕ್ಕಳು ಹೆದರಿ ದಾಟುವರು ಎಂಬುದನ್ನು ಊರವರಷ್ಟು ಬಲ್ಲವರು ಬೇರಿಲ್ಲ. ಆದುದರಿಂದ ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿ, ಸ್ಥಳವನ್ನು ಸ್ಪಷ್ಟವಾಗಿ ಬರೆದು ಜಿಲ್ಲಾ ಅಧಿಕಾರಿಗಳಿಗೆ ಮನವಿ ಕಳುಹಿಸುವುದು ನಮ್ಮ ಕೈಯಲ್ಲೇ ಇರುವ ಕೆಲಸ. ಫಲಕದಲ್ಲಿ ಕೆಂಪು ಬಳೆಯೊಳಗೆ ಅಂಕೆಯಿದ್ದರೆ ಅದು ಆಜ್ಞೆ. ತ್ರಿಕೋನವಿದ್ದರೆ ಅದು ಎಚ್ಚರಿಕೆ. ಈ ಭೇದವನ್ನು ಮನೆಯವರೆಲ್ಲರೂ ಅರಿತಿರಬೇಕು.

ಇನ್ನೊಂದು ಮಾತು. ಮಿತಿಮೀರಿ ಓಡಿಸಿದವನಿಗೆ ಮಾತ್ರವಲ್ಲ, ತನ್ನ ಕೈಕೆಳಗಿನ ಚಾಲಕನಿಂದ ಹಾಗೆ ಓಡಿಸಿದ ಯಜಮಾನನಿಗೂ ಕಾಯಿದೆಯು ದಂಡ ವಿಧಿಸುತ್ತದೆ. ಮುಹೂರ್ತಕ್ಕೆ ಹೊತ್ತಾಯಿತೆಂದು ದಿಬ್ಬಣದ ಗಾಡಿಯವನನ್ನು ಅವಸರಪಡಿಸುವ ಹಿರಿಯರು ಇದನ್ನು ತಿಳಿದಿರಲಿ. ಅಷ್ಟು ಅವಸರಪಟ್ಟರೂ ಸಿಕ್ಕುವ ಲಾಭವೆಷ್ಟು? ಹತ್ತು ಕಿಲೋಮೀಟರಿನ ಘಟ್ಟವನ್ನು 30ರ ವೇಗದಲ್ಲಿ ಇಳಿದರೆ ಇಪ್ಪತ್ತು ನಿಮಿಷ. 40ರಲ್ಲಿ ಇಳಿದರೆ ಹದಿನೈದು. ಉಳಿದುದು ಐದು ನಿಮಿಷ. ಮನೆಯಿಂದ ಐದು ನಿಮಿಷ ಮುಂಚಿತವಾಗಿ ಹೊರಟವನು ಈ ಲಾಭವನ್ನು ಯಾವ ಅಪಾಯವೂ ಇಲ್ಲದೆ ಪಡೆಯುತ್ತಾನೆ.

ನಿಧಾನವೇ ಪ್ರಧಾನವೆಂಬ ಗಾದೆಯನ್ನು ಮೈಗಳ್ಳತನಕ್ಕೆ ನೆವವಾಗಿ ಬಳಸುವವರುಂಟು. ಘಟ್ಟದ ಹಾದಿಯಲ್ಲಾದರೋ ಅದು ಅಕ್ಷರಶಃ ಸತ್ಯ. ಕಾನೂನಿನ ಅಂಕೆಯನ್ನು ಮೀರದಿರುವುದು ಪೌರನ ಧರ್ಮ. ಹಾದಿಯ ಅಂಕೆಯನ್ನು ಅರಿತು ಅದಕ್ಕೂ ಕೆಳಗೆ ಇಳಿಯುವುದು ಗೃಹಸ್ಥನ ವಿವೇಕ.